ಪರೀಕ್ಷೆ ಮಾಡದೆ ರಿವಿಷನ್: ಅಮ್ಮನ ಒಂದೇ ಮಂಡಿಗೆ ನಾಲ್ಕು ಆಪರೇಷನ್

ಮನೆಯಲ್ಲಿ ಯಾರಿಗಾದರೂ ಮಂಡಿ ಬದಲಾಯಿಸುವ ಆಪರೇಷನ್ ಆಗಿ, ಆಮೇಲೂ ನೋವು ಹೋಗಿಲ್ಲ ಅಂತಿದ್ದರೆ ಇದನ್ನು ಓದಿ. ಗಾಯದಿಂದ ನೀರು ಒಸರುತ್ತಿದೆ, ಫೋನಿನಲ್ಲೇ ಆಂಟಿಬಯೋಟಿಕ್ ಹೇಳಿದ್ದಾರೆ ಅನ್ನೋರಂತೂ ಓದಲೇಬೇಕು. ನಮ್ಮಮ್ಮನಿಗೆ ಆ ಮಾತ್ರೆ ನುಂಗಿಸಿದವನು ನಾನೇ.

ನಮ್ಮೂರು ತಿಪಟೂರಿನ ಹತ್ತಿರ. ಅಮ್ಮ ಸ್ಕೂಲ್ ಟೀಚರ್ ಆಗಿದ್ದು ರಿಟೈರ್ ಆದವಳು. ಎರಡೂ ಮಂಡಿ ಸವೆದಿದ್ದವು, ಬಲಗಡೆಯದು ಜಾಸ್ತಿ. ಕಲ್ಯಾಣ ಮಂಟಪದಲ್ಲಿ ಉಚಿತ ತಪಾಸಣಾ ಶಿಬಿರ ನಡೆದಾಗ ಎಕ್ಸ್‌ರೇ ನೋಡಿ ಹೆಸರು ಬರೆದುಕೊಂಡರು. 2021ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಬಲ ಮಂಡಿಯ ಆಪರೇಷನ್ ಆಯಿತು. ಸವೆದ ಭಾಗ ತೆಗೆದು ಲೋಹ, ಪ್ಲಾಸ್ಟಿಕ್‌ನ ಇಂಪ್ಲಾಂಟ್ ಕೂರಿಸಿದರು. ಮಾರನೇ ದಿನವೇ ವಾಕರ್ ಹಿಡಿಸಿ ನಡೆಸಿದರು. ನಾನು ವಿಡಿಯೊ ಮಾಡಿ ನೆಂಟರಿಗೆಲ್ಲ ಕಳಿಸಿದೆ.

ಹೊಲಿಗೆ ಬಿಚ್ಚಿದ ಮೇಲೆ ಗಾಯದ ಕೆಳತುದಿಯಲ್ಲಿ ಕಡಲೆಕಾಳಿನಷ್ಟು ಜಾಗ ಕೂಡಿರಲಿಲ್ಲ. ಅಲ್ಲಿಂದ ತಿಳಿ ಹಳದಿ ನೀರು. ಬೆಳಗಾಗುವಷ್ಟರಲ್ಲಿ ಬ್ಯಾಂಡೇಜ್ ಮೇಲೆ ರೂಪಾಯಿ ಅಗಲದ ಕಲೆ. ಫೋಟೊ ತೆಗೆದು ಆಸ್ಪತ್ರೆಯ ನಂಬರಿಗೆ ವಾಟ್ಸಾಪ್ ಮಾಡಿದೆ. "ಮೇಲಿನ ಚರ್ಮದ್ದು ಅಷ್ಟೇ, ಐದು ದಿನ ಈ ಮಾತ್ರೆ ಕೊಡಿ" ಅಂತ ಉತ್ತರ ಬಂತು. ಆ ಕಾಲಿನಲ್ಲಿ ಅಮ್ಮನನ್ನು ಮತ್ತೆ ಬೆಂಗಳೂರಿಗೆ ಕರ್ಕೊಂಡು ಹೋಗೋದು ತಪ್ಪಿತಲ್ಲ ಅಂತ ನನಗೆ ಖುಷಿಯೇ ಆಯಿತು. ನೀರು ನಿಂತಿತು. ಹತ್ತು ದಿನ ಬಿಟ್ಟು ಮತ್ತೆ ಶುರು. ಮತ್ತೆ ಅದೇ ಮಾತ್ರೆ. ಮೂರನೇ ಸಲ ನಾನು ಯಾರನ್ನೂ ಕೇಳಲೇ ಇಲ್ಲ, ಮೆಡಿಕಲ್ ಶಾಪಿನಲ್ಲಿ ಹಳೇ ಚೀಟಿ ತೋರಿಸಿ ತಂದೆ. ಗಾಯ ಒಣಗಿತು.

ನೋವು ಉಳಿಯಿತು. ಇದು ಹಳೇ ನೋವಲ್ಲ ಅಂತ ಅಮ್ಮ ಹೇಳುತ್ತಲೇ ಇದ್ದಳು. ಮುಂಚೆ ನಡೆದರೆ ನೋವು, ಕೂತರೆ ಆರಾಮ. ಈಗ ರಾತ್ರಿ ಮಲಗಿದರೂ ಒಳಗೇ ಮಿಡಿಯುತ್ತಿತ್ತು. ಕೈಯಿಟ್ಟು ನೋಡಿದರೆ ಎಡ ಮಂಡಿಗಿಂತ ಬಲ ಮಂಡಿ ಬೆಚ್ಚಗೆ. ಜ್ವರ ಒಂದು ದಿನವೂ ಬರಲಿಲ್ಲ, ಹಾಗಾಗಿ ಸೋಂಕು ಇರಲಾರದು ಅಂದುಕೊಂಡೆವು. ಆಸ್ಪತ್ರೆಗೆ ಹೋದಾಗಲೆಲ್ಲ ಮಲಗಿಸಿ ಒಂದು ಎಕ್ಸ್‌ರೇ ತೆಗೆಯೋರು. "ಇಂಪ್ಲಾಂಟ್ ಚೆನ್ನಾಗಿ ಕೂತಿದೆ ಅಮ್ಮಾ, ನೀವೇ ಎಕ್ಸರ್‌ಸೈಜ್ ಮಾಡ್ತಿಲ್ಲ" ಅನ್ನೋರು. ಮನೆಗೆ ಬಂದ ನೆಂಟರು, "ನಮ್ಮ ಭಾವ ಎರಡೂ ಕಾಲು ಮಾಡಿಸ್ಕೊಂಡು ತೋಟ ಸುತ್ತುತ್ತಾರೆ, ನಿಮಗೇನಾಗಿದೆ" ಅನ್ನೋರು. ನೋವು ಅಂದವರನ್ನೇ ಸೋಮಾರಿ ಮಾಡಿಬಿಡೋದು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ವರ್ಷ ಕಳೆದ ಮೇಲೆ ಬೇರೆ ಡಾಕ್ಟರ ಹತ್ತಿರ ಹೋದೆವು. ಅವರು ಕಾಲು ಆಚೀಚೆ ಅಲುಗಿಸಿ, "ಸ್ವಲ್ಪ ಲೂಸ್ ಇದೆ. ರಿವಿಷನ್ ಮಾಡೋಣ, ಒಳಗಿನ ಪ್ಲಾಸ್ಟಿಕ್ ದಪ್ಪದ್ದು ಹಾಕಿದರೆ ಸರಿಹೋಗುತ್ತೆ" ಅಂದರು. ರಿವಿಷನ್ ಅಂದರೆ ಮಂಡಿ ಮತ್ತೆ ತೆರೆದು, ಹಾಕಿದ ಇಂಪ್ಲಾಂಟನ್ನು ಪೂರ್ತಿಯೋ ಸ್ವಲ್ಪವೋ ಬದಲಿಸುವ ಆಪರೇಷನ್. ಒಟ್ಟು ಹತ್ತು ನಿಮಿಷದ ಮಾತು. ಹೊರಗೆ ಬಂದ ಮೇಲೆ ಅಮ್ಮ, "ರಿವಿಷನ್ ಅಂದ್ರೆ ಪರೀಕ್ಷೆಗೆ ಮುಂಚೆ ಮಾಡಿಸೋದಲ್ವೇನೋ?" ಅಂತ ನಕ್ಕಳು. ಇಲ್ಲಿ ಪರೀಕ್ಷೆಯೇ ಇರಲಿಲ್ಲ. ಯಾವುದೇ ಆಪರೇಷನ್‌ಗೂ ಮುಂಚೆ ಮಾಡುವ ಶುಗರ್, ಇಸಿಜಿ ಬಿಟ್ಟರೆ ಮಂಡಿ ಯಾಕೆ ನೋಯುತ್ತಿದೆ ಅಂತ ಹುಡುಕುವ ಒಂದೂ ಟೆಸ್ಟ್ ಆಗಲಿಲ್ಲ. 2023ರ ಫೆಬ್ರುವರಿಯಲ್ಲಿ ಮಂಡಿ ಮತ್ತೆ ತೆರೆದರು. ತೆರೆದಾಗಲಾದರೂ ಒಳಗಿನ ಚೂರು ತೆಗೆದು ಕಲ್ಚರ್‌ಗೆ, ಅಂದರೆ ರೋಗಾಣು ಬೆಳೆಯುತ್ತದಾ ಅಂತ ಲ್ಯಾಬಿನಲ್ಲಿ ನೋಡುವ ಟೆಸ್ಟ್‌ಗೆ, ಕಳಿಸಬಹುದಿತ್ತು, ಅದನ್ನೂ ಮಾಡಿಲ್ಲ. ಆರು ವಾರಕ್ಕೆ ಮಂಡಿ ಮೊದಲಿಗಿಂತ ಊದಿತು. ಹಳೇ ಗಾಯದ ಪಕ್ಕದಲ್ಲೇ ಸಣ್ಣ ತೂತಾಗಿ ಕೀವು ಬಂತು.

ಮೂರನೆಯವರು ವಯಸ್ಸಾದ ಡಾಕ್ಟರು. ಅವರ ಮೇಜಿನ ಮುಂದೆ ಮುಕ್ಕಾಲು ಗಂಟೆ ಕೂತಿದ್ದೆವು. ಮೊದಲ ಆಪರೇಷನ್ ಆದಮೇಲೆ ಒಂದು ದಿನವಾದರೂ ನೋವಿಲ್ಲದೆ ಇದ್ದಿರಾ? ಹಳೇ ನೋವೇನಾ, ಬೇರೆ ಥರದ್ದಾ? ಗಾಯ ಒಣಗೋಕೆ ಎಷ್ಟು ದಿನ ಹಿಡಿಯಿತು? ಆಮೇಲೆ ಸೊಂಟ, ಬೆನ್ನು ಎರಡನ್ನೂ ನೋಡಿದರು. ಸೊಂಟದ ಕೀಲು ಕೆಟ್ಟಿದ್ದರೂ ನೋವು ಮಂಡಿಗೆ ಇಳಿಯುತ್ತದಂತೆ. ನಿಲ್ಲಿಸಿ ಎಕ್ಸ್‌ರೇ ತೆಗೆಸಿದರು. ಎಲ್ಲ ಆಂಟಿಬಯೋಟಿಕ್ ಎರಡು ವಾರ ನಿಲ್ಲಿಸಿ ಬನ್ನಿ ಅಂದರು. ಆಮೇಲೆ ರಕ್ತದಲ್ಲಿ ಇಎಸ್‌ಆರ್, ಸಿಆರ್‌ಪಿ, ಅಂದರೆ ಮೈಯೊಳಗೆ ಉರಿಯೂತ ಇದೆಯಾ ಅಂತ ತೋರಿಸುವ ಟೆಸ್ಟ್‌ಗಳು. ಕೊನೆಗೆ ಸೂಜಿ ಹಾಕಿ ಕೀಲಿನೊಳಗಿನ ನೀರು ತೆಗೆದು, ಬಿಳಿ ರಕ್ತಕಣ ಎಣಿಸೋಕೂ ಕಲ್ಚರ್‌ಗೂ ಕಳಿಸಿದರು. ಕೆಲವು ರೋಗಾಣು ನಿಧಾನಕ್ಕೆ ಬೆಳೆಯುತ್ತವೆ ಅಂತ 14 ದಿನ ಇಡಿಸಿದರು. ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್ ಬೆಳೆಯಿತು. ನಮ್ಮೆಲ್ಲರ ಚರ್ಮದ ಮೇಲೂ ಸುಮ್ನೆ ಇರುವ ರೋಗಾಣು ಅದು.

ಅವರು ಬಿಡಿಸಿ ಹೇಳಿದ್ದು ಹೀಗೆ. ರೋಗಾಣು ಲೋಹದ ಮೇಲೆ ಕೂತು ಲೋಳೆಯ ಪೊರೆ ಕಟ್ಟಿಕೊಳ್ಳುತ್ತದೆ. ಕೆರೆಯ ಮೆಟ್ಟಿಲಿಗೆ ಪಾಚಿ ಹಿಡಿದ ಹಾಗೆ. ಮಾತ್ರೆಯಿಂದ ಸುತ್ತಲಿನ ಕೀವು ಇಳಿಯುತ್ತದೆ, ಗಾಯ ಒಣಗಿದ ಹಾಗೆ ಕಾಣುತ್ತದೆ, ಆದರೆ ಪೊರೆಯೊಳಗಿನದು ಸಾಯೋದಿಲ್ಲ. ಮಾತ್ರೆ ನಡೆಯುತ್ತಿರುವಾಗ ಕೀಲಿನ ನೀರು ಟೆಸ್ಟ್ ಮಾಡಿದರೆ ಕಲ್ಚರ್‌ನಲ್ಲಿ ಏನೂ ಬೆಳೆಯದೆ ಹೋಗಬಹುದು. ಅದಕ್ಕೇ ಎರಡು ವಾರ ನಿಲ್ಲಿಸಲು ಹೇಳಿದ್ದು. ಮೊದಲ ಕೆಲವು ವಾರಗಳಲ್ಲೇ ಹಿಡಿದಿದ್ದರೆ ಮಂಡಿ ತೆರೆದು, ತೊಳೆದು, ಪ್ಲಾಸ್ಟಿಕ್ ಭಾಗ ಮಾತ್ರ ಬದಲಿಸಿ ಲೋಹ ಉಳಿಸಿಕೊಳ್ಳುವ ಅವಕಾಶ ಇರುತ್ತದೆ. ನಾವು ಆ ವಾರಗಳಲ್ಲಿ ಮಾತ್ರೆ ಕೊಡುತ್ತಾ ಕೂತಿದ್ದೆವು. ಅವರು ನನ್ನನ್ನು ಬೈಯಲಿಲ್ಲ. "ಮಾತ್ರೆ ಬೇಗ ಶುರುವಾಯಿತು, ಟೆಸ್ಟ್ ತಡವಾಯಿತು" ಅಂದರು ಅಷ್ಟೇ.

ಆಮೇಲಿನದು ಎರಡು ಕಂತಿನ ರಿವಿಷನ್. 2023ರ ಜುಲೈನಲ್ಲಿ ಲೋಹ, ಪ್ಲಾಸ್ಟಿಕ್, ಅವನ್ನು ಮೂಳೆಗೆ ಹಿಡಿಸಿದ್ದ ಸಿಮೆಂಟ್ ಎಲ್ಲ ತೆಗೆದು, ಆ ಜಾಗಕ್ಕೆ ತಾತ್ಕಾಲಿಕವಾಗಿ ಆಂಟಿಬಯೋಟಿಕ್ ಬೆರೆಸಿದ ಸಿಮೆಂಟಿನ ತುಂಡು, ಅಂದರೆ ಸ್ಪೇಸರ್, ಇಟ್ಟರು. ಆರು ವಾರ ತೋಳಿನ ನಾಳದಲ್ಲಿ ಪೈಪ್ ಹಾಕಿ ಇಂಜೆಕ್ಷನ್. ನನ್ನ ಬೆಂಗಳೂರಿನ ಮನೆಯ ಹಾಲ್‌ನಲ್ಲೇ ಮಂಚ ಹಾಕಿದೆವು. ಕಾಲು ಮಡಚುವ ಹಾಗಿಲ್ಲ, ಬಾತ್‌ರೂಮಿಗೂ ಇಬ್ಬರು ಹಿಡಿಯಬೇಕು. ಜೀವನದಲ್ಲಿ ಯಾರ ಕೈಯಲ್ಲೂ ಒಂದು ಲೋಟ ನೀರು ತರಿಸಿಕೊಳ್ಳದವಳು ಮಗನ ಮುಂದೆ ಮುಖ ಆಚೆ ತಿರುಗಿಸಿಕೊಂಡು ಅತ್ತಿದ್ದು ಆಗಲೇ. ಅಕ್ಟೋಬರ್‌ನಲ್ಲಿ ಮತ್ತೆ ಟೆಸ್ಟ್, ಆಮೇಲೆ ಹೊಸ ಇಂಪ್ಲಾಂಟ್. ಒಂದೊಂದು ಸಲ ಕಿತ್ತಾಗಲೂ ಒಂದಷ್ಟು ಮೂಳೆ ಹೋಗುತ್ತದೆ. ಹಾಗಾಗಿ ಈ ಸಲದ್ದಕ್ಕೆ ಮೂಳೆಯೊಳಗೆ ಇಳಿಯುವ ಉದ್ದನೆಯ ಕಡ್ಡಿಗಳಿವೆ.

ದುಡ್ಡಿನ ವಿಷಯ ಹೇಳಲೇಬೇಕು. ನಾಲ್ಕೂ ಸೇರಿ ಹತ್ತು ಲಕ್ಷ ದಾಟಿತು. 2017ರ ಆಗಸ್ಟ್‌ನಲ್ಲಿ ಔಷಧಗಳ ಬೆಲೆ ನಿಗದಿ ಮಾಡುವ ಕೇಂದ್ರದ ಪ್ರಾಧಿಕಾರ ಎನ್‌ಪಿಪಿಎ ಮಂಡಿ ಇಂಪ್ಲಾಂಟ್‌ಗಳಿಗೆ ಗರಿಷ್ಠ ಬೆಲೆ ಕಟ್ಟಿತು. ಆಗ ಸಾಮಾನ್ಯ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ₹54,720, ರಿವಿಷನ್ ಇಂಪ್ಲಾಂಟ್‌ಗೆ ₹1,13,950, ಜಿಎಸ್‌ಟಿ ಬೇರೆ. ಡಾಕ್ಟರ ಫೀಸು, ರೂಮು, ಥಿಯೇಟರ್ ಖರ್ಚಿಗೆ ಆ ಮಿತಿ ಇಲ್ಲ. ಬಿಲ್ಲಿನಲ್ಲಿ ಇಂಪ್ಲಾಂಟ್‌ನ ಬೆಲೆ, ಬ್ರ್ಯಾಂಡ್, ತಯಾರಿಸಿದವರು, ಬ್ಯಾಚ್ ನಂಬರ್ ಬೇರೆಯಾಗಿ ಬರೆಯಬೇಕು ಅಂತ ಆ ಆದೇಶದಲ್ಲೇ ಇದೆ. ನಮ್ಮ ಎರಡನೇ ಬಿಲ್ಲಿನಲ್ಲಿ ಎಲ್ಲ ಸೇರಿಸಿ ಒಂದೇ ಸಾಲು ಇತ್ತು. ನಾನು ಸಹಿ ಹಾಕಿ ಬಂದೆ.

ಬ್ಯಾಚ್ ನಂಬರ್ ಲೆಕ್ಕಕ್ಕೆ ಮಾತ್ರ ಅಲ್ಲ. ಒಂದು ಕಂಪನಿಯ ಪ್ಲಾಸ್ಟಿಕ್ ಇನ್ನೊಂದರ ಲೋಹಕ್ಕೆ ಕೂರೋದಿಲ್ಲ. ಮುಂದೆ ಯಾರು ಕೈ ಹಾಕಿದರೂ ಒಳಗಿರುವುದು ಯಾವುದು, ಯಾವ ಸೈಜು ಅಂತ ಗೊತ್ತಿರಬೇಕು. ಡಬ್ಬದ ಮೇಲಿನ ಸ್ಟಿಕ್ಕರ್‌ಗಳನ್ನು ಡಿಸ್ಚಾರ್ಜ್ ದಿನವೇ ಕೇಳಿ ಇಸ್ಕೊಳ್ಳಿ. ನಮ್ಮದು ಸಿಕ್ಕಿದ್ದು ಅಪ್ಪನ ಎಲ್‌ಐಸಿ ಕಾಗದಗಳ ಮಧ್ಯೆ, ಅದೂ ಮನೆಯೆಲ್ಲ ಹುಡುಕಿದ ಮೇಲೆ.

ಮಂಡಿ ಆಪರೇಷನ್ನೇ ಬೇಡ ಅಂತ ನಾನು ಹೇಳುತ್ತಿಲ್ಲ. ಆ ಭಾವ ನಿಜಕ್ಕೂ ತೋಟ ಸುತ್ತುತ್ತಾರೆ. ಮೊದಲ ತಿಂಗಳುಗಳಲ್ಲಿ ನೋವು, ಊತ ಇರುವುದೂ ಸಹಜ. ಆದರೆ ಗಾಯ ಒಸರುತ್ತಿದ್ದರೆ ಫೋಟೊ ಕಳಿಸಿ ಕೂರಬೇಡಿ, ಆಪರೇಷನ್ ಮಾಡಿದವರ ಎದುರಿಗೇ ಹೋಗಿ ಕಾಲು ತೋರಿಸಿ. "ಕೀಲಿನ ನೀರು ಟೆಸ್ಟ್ ಮಾಡೋದು ಬೇಡವಾ ಡಾಕ್ಟ್ರೇ?" ಅಂತ ಮಾತ್ರೆ ಶುರುವಾಗೋ ಮುಂಚೆಯೇ ಕೇಳಿ. ಮುಂಚೆಯೇ ಶುರುವಾಗಿದ್ದರೆ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ, ಅದನ್ನೂ ಅವರೇ ಹೇಳಲಿ. ಯಾರಾದರೂ ರಿವಿಷನ್ ಅಂದರೆ ನೋವಿನ ಕಾರಣ ಏನು ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಸೋಂಕಾ, ಸಡಿಲಾ, ತಿರುಚಿ ಕೂತಿದೆಯಾ, ಪ್ಲಾಸ್ಟಿಕ್ ಸವೆದಿದೆಯಾ? ಕಾರಣ ಸಿಗದ ನೋವಿಗೆ ಮಂಡಿ ತೆರೆದರೆ ಬಹಳ ಸಲ ನೋವು ಹಾಗೇ ಉಳಿಯುತ್ತದೆ.

ಅಮ್ಮ ಈಗ ಕೋಲು ಹಿಡಿದು ಬೀದಿ ಕೊನೆಯ ದೇವಸ್ಥಾನದವರೆಗೂ ಹೋಗುತ್ತಾಳೆ. ಮಂಡಿ ತೊಂಬತ್ತು ಡಿಗ್ರಿ ಬಗ್ಗೋದಿಲ್ಲ. ರಾತ್ರಿ ನಿದ್ದೆ ಬರುತ್ತದೆ. ಆರು ತಿಂಗಳಿಗೊಮ್ಮೆ ರಕ್ತದ ಟೆಸ್ಟ್ ಇದೆ. ಎಡ ಮಂಡಿಯೂ ಈಗ ಕಿರಿಕಿರಿ ಮಾಡುತ್ತಿದೆ. ಹೋದ ವಾರ ಪೇಪರ್ ಜೊತೆ ಇನ್ನೊಂದು ಉಚಿತ ಶಿಬಿರದ ಪಾಂಪ್ಲೆಟ್ ಬಂದಿತ್ತು. ಅಮ್ಮ ಅದನ್ನು ಓದಿ, ಮಡಚಿ, ಅಲುಗಾಡುವ ಊಟದ ಮೇಜಿನ ಕಾಲಿಗೆ ಕೊಟ್ಟಿದ್ದಾಳೆ.