ಮಂಚ ನೋಡದೆ ಬೆಡ್ ಸ್ಕರ್ಟ್ ಹೊಲಿಯುವವರಿಗೆ ಮುಂಗಡ ಕೊಡಬೇಡಿ

ಮಂಚಕ್ಕೆ ಬೆಡ್ ಸ್ಕರ್ಟ್ ಹೊಲಿಸುವ ಯೋಚನೆ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹಾಸಿಗೆಯ ಕೆಳಗಿಂದ ನೆಲದವರೆಗೆ ಮೂರು ಕಡೆ ಇಳಿಬಿಡುತ್ತಾರಲ್ಲ, ಆ ಬಟ್ಟೆ. ಕೆಲವರು ಮಂಚದ ಫ್ರಿಲ್ ಅಂತಲೂ ಕರೆಯುತ್ತಾರೆ. ಬೆಂಗಳೂರಿನ ಒಂದು ಫರ್ನಿಶಿಂಗ್ ಅಂಗಡಿಗೆ ₹4,200 ಕೊಟ್ಟು ನಾವು ಇದನ್ನು ಹೊಲಿಸಿದೆವು. ದುಡ್ಡು ಹೋಗಿದ್ದು ಒಂದು ಕಡೆ ಇರಲಿ, ಆ ಬಟ್ಟೆಗೆ ಕಾಲು ಸಿಕ್ಕಿ ನಮ್ಮ ಅತ್ತೆ ಬೀಳುವುದರಲ್ಲಿದ್ದರು. ಅದಕ್ಕೇ ಬರೆಯುತ್ತಿದ್ದೇನೆ. ದೂರು ಇನ್ನೂ ನಡೆಯುತ್ತಿರುವುದರಿಂದ ಅಂಗಡಿಯ ಹೆಸರು ಹಾಕುತ್ತಿಲ್ಲ.

ನಮ್ಮದು ಊರಿನಿಂದ ತಂದ ಹಳೇ ತೇಗದ ಮಂಚ. ಆಚಾರಿ ಕೈಯಲ್ಲಿ ಮಾಡಿಸಿದ್ದು. ಆರೂಕಾಲು ಅಡಿ ಉದ್ದ, ಐದು ಅಡಿ ಅಗಲ, ಅಂದರೆ 75 ಇಂಚು, 60 ಇಂಚು. ನೆಲದಿಂದ ಸಾಕಷ್ಟು ಎತ್ತರ ಇದೆ. ಹಾಗಾಗಿ ಕೆಳಗಿನ ಜಾಗ ಖಾಲಿ ಬಿಡುವ ಮಾತೇ ಇಲ್ಲ. ಅಕ್ಕಿ ಮೂಟೆ, ಎರಡು ಸೂಟ್‌ಕೇಸ್, ಹಬ್ಬಕ್ಕೆ ಮಾತ್ರ ತೆಗೆಯುವ ಹಿತ್ತಾಳೆ ಪಾತ್ರೆಗಳು, ಎಲ್ಲ ಅಲ್ಲೇ. ಅದು ಅತ್ತೆಯ ಕೋಣೆ. ಅವರನ್ನು ನೋಡಲು ಬರುವವರು ಅಲ್ಲೇ ಕೂರುತ್ತಾರೆ. ಮೂಟೆ ಕಾಣಬಾರದು, ಧೂಳೂ ಒಳಗೆ ಹೋಗಬಾರದು ಅನ್ನುವುದು ಅವರ ಆಸೆ. ಅದರಲ್ಲಿ ತಪ್ಪೇನಿದೆ?

ಅಂಗಡಿಯವರಿಗೆ ಮಂಚದ ಫೋಟೋ ಕಳಿಸಿದೆ. ಅಳತೆ ಬರೆದು ಕಳಿಸಿದೆ. ಯಾರಾದರೂ ಬಂದು ನೋಡಿ, ಕಾಲುಗಳು ಹಲಗೆಗಿಂತ ಮೇಲೆ ಬಂದಿವೆ ಅಂತಲೂ ಹೇಳಿದೆ. ಕಳಿಸುತ್ತೇವೆ ಅಂದರು. ಯಾರೂ ಬರಲಿಲ್ಲ. ಫೋನ್ ಮಾಡಿದರೆ, "ಮೇಡಂ, ಕ್ವೀನ್ ಸೈಜ್ ಅಂದ್ರೆ ಕ್ವೀನ್ ಸೈಜೇ. ದಿನಾ ಹೊಲೀತೀವಿ. ಬಂದು ನೋಡೋದೇನಿದೆ?" ಅಂದರು. ಬಟ್ಟೆ ಕತ್ತರಿಸಬೇಕು ಅಂತ ಪೂರ್ತಿ ಹಣ ಮೊದಲೇ ಹಾಕಿಸಿಕೊಂಡಿದ್ದರು.

ಎಲ್ಲ ತೊಂದರೆಯೂ ಹುಟ್ಟಿದ್ದು ಇಲ್ಲಿಂದಲೇ. ನಮ್ಮಲ್ಲಿ ಅಂಗಡಿಯಲ್ಲಿ ಸಿಗುವ ಕ್ವೀನ್ ಹಾಸಿಗೆ ಸಾಮಾನ್ಯವಾಗಿ 78 ಇಂಚು ಉದ್ದ, 60 ಇಂಚು ಅಗಲ. ಕೆಲವು 75 ಇಂಚಿನವೂ ಇವೆ, 72 ಇಂಚಿನವೂ ಇವೆ. ಆಚಾರಿ ಮಾಡಿದ ಮಂಚಕ್ಕಂತೂ ಈ ಸೈಜುಗಳ ಹಂಗೇ ಇಲ್ಲ. ಬೆಡ್‌ಶೀಟ್ ಆದರೆ ಮೂರು ಇಂಚು ಹೆಚ್ಚಾದರೂ ಒಳಗೆ ತುರುಕಬಹುದು. ಸ್ಕರ್ಟ್ ಹಾಗಲ್ಲ. ಅದು ಹಲಗೆಯ ಅಂಚಿಗೆ ಸರಿಯಾಗಿ ಕೂತರೆ ಮಾತ್ರ ನೆಟ್ಟಗೆ ಇಳಿಯುತ್ತದೆ.

ನಮಗೆ ಬಂದಿದ್ದು 78 ಇಂಚಿನದು. ನಾನು ಕಳಿಸಿದ ಅಳತೆ ಅವರು ನೋಡೇ ಇರಲಿಲ್ಲ.

ಹಾಸಿಗೆಯ ಕೆಳಗೆ ಹಾಸುವ ಬಟ್ಟೆ ಕೆನೆ ಬಣ್ಣದ ಪಾಲಿಕಾಟನ್, ಅಂದರೆ ಪಾಲಿಯೆಸ್ಟರ್ ಬೆರೆತ ಕಾಟನ್. ಅದರ ಸುತ್ತ ಮರೂನ್ ಬಣ್ಣದ ಕಾಟನ್ ಇಳಿಬಿಟ್ಟಿದ್ದರು. ಮೂಲೆಗಳಲ್ಲಿ ಸೀಳು ಇಲ್ಲ, ಒಂದೇ ಸುತ್ತು. ಆದರೆ ನಮ್ಮ ಮಂಚದ ಕಾಲಿನ ಕಡೆಯ ಎರಡು ಗೂಟಗಳು ಹಲಗೆಯಿಂದ ಮೂರು ಇಂಚು ಮೇಲೆ ಬಂದಿವೆ. ಬಟ್ಟೆ ಅವುಗಳ ಮೇಲೆ ಗುಡ್ಡೆಯಾಗಿ ನಿಂತಿತು. ತಂದುಕೊಟ್ಟ ಹುಡುಗ ಅಲ್ಲೇ ಕತ್ತರಿ ತೆಗೆದು ಎರಡು ಮೂಲೆ ಸೀಳಿಬಿಟ್ಟ. ಅಂಚು ಮಡಚಿ ಹೊಲಿಯಲೂ ಇಲ್ಲ. ಒಂದು ವಾರ ಕಳೆಯುವಷ್ಟರಲ್ಲಿ ದಾರ ಬಿಟ್ಟುಕೊಂಡು ಬಂತು.

ಬಟ್ಟೆ ಜಾರದಿರಲಿ ಅಂತ ಅವನು ಮಂಚದ ಪಟ್ಟಿಗೆ ಅಂಟಿಸುವ ವೆಲ್ಕ್ರೋ ಹಾಕಿದ. ಪಾಲಿಶ್ ಮಾಡಿದ ಹಳೇ ಮರಕ್ಕೆ ಆ ಅಂಟು ನಿಲ್ಲಲಿಲ್ಲ. ಎರಡು ಕಡೆ ಕಿತ್ತು ಬಂತು. ನಿಂತ ಕಡೆ ಇನ್ನೂ ಕೆಟ್ಟದಾಯಿತು. ತೆಗೆಯುವಾಗ ಪಾಲಿಶ್ ಸಮೇತ ಎದ್ದು ಬಂತು. ಹಳೇ ಮಂಚ ಇರುವವರು ಇದನ್ನು ಮರೆಯಬೇಡಿ. ಅಂಟಿನ ಪಟ್ಟಿ ಮರಕ್ಕೆ ತಾಗಿಸಲು ಬಿಡಲೇಬೇಡಿ.

ಇನ್ನು ಅತ್ತೆಯ ವಿಷಯ. ಅವರು ಮಂಚದ ಎಡಗಡೆಯಿಂದಲೇ ಇಳಿಯುವುದು. ಸ್ಕರ್ಟ್‌ಗೆ ಹಿಡಿತವೇ ಇಲ್ಲದ್ದರಿಂದ, ಅವರು ಕೂತು ಎದ್ದಾಗಲೆಲ್ಲ ಅದು ಸ್ವಲ್ಪ ಸ್ವಲ್ಪವೇ ಆ ಕಡೆಗೆ ಜಾರುತ್ತಿತ್ತು. ಜಾರಿದ್ದು ನೆಲದ ಮೇಲೆ ಬಿದ್ದುಕೊಳ್ಳುತ್ತಿತ್ತು. ಎತ್ತರವನ್ನೂ ಅಂಗಡಿಯವರು ನೆಲಕ್ಕೆ ತಾಗುವ ಹಾಗೇ ಇಟ್ಟಿದ್ದರು, ಹಾಗಿದ್ದರೇ ಚೆಂದ ಅಂತ. ಬೆಳಗಿನ ಜಾವ ಬಚ್ಚಲಿಗೆ ಎದ್ದ ಅತ್ತೆಯ ಕಾಲ್ಬೆರಳು ಆ ಮಡಿಕೆಗೆ ಸಿಕ್ಕಿತು. ಪುಣ್ಯಕ್ಕೆ ಕೈಗೆ ಕಿಟಕಿಯ ಸರಳು ಸಿಕ್ಕಿತು, ಹಿಡಿದುಕೊಂಡರು. ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಏನಾಗುತ್ತದೆ ಅಂತ ಮನೆಯಲ್ಲಿ ಹಿರಿಯರಿರುವ ಎಲ್ಲರಿಗೂ ಗೊತ್ತು. ಅವತ್ತೇ ಸ್ಕರ್ಟ್ ಎಳೆದು ತೆಗೆದೆ.

ತೆಗೆದದ್ದನ್ನು ಒಗೆದಾಗ ಉಳಿದದ್ದೂ ಹೊರಗೆ ಬಂತು. ಮರೂನ್ ಬಣ್ಣ ಬಿಟ್ಟು ಕೆನೆ ಬಟ್ಟೆಯ ಮೇಲೆಲ್ಲ ಗುಲಾಬಿ ಕಲೆ ಕೂತಿತು. ಜೊತೆಗೆ ಕಾಟನ್ ಪಟ್ಟಿ ಕುಗ್ಗಿತು. ಮಗ್ಗದಲ್ಲಿ ಹಾಸಿನ ನೂಲನ್ನು, ಅಂದರೆ ಬಟ್ಟೆಯ ಉದ್ದಕ್ಕೆ ಓಡುವ ನೂಲನ್ನು, ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ನೀರಿಗೆ ಬಿದ್ದಾಗ ಆ ಬಿಗಿ ಸಡಿಲವಾಗುತ್ತದೆ. ಅದಕ್ಕೇ ಕಾಟನ್ ಸಾಮಾನ್ಯವಾಗಿ ಹೊಕ್ಕಿನ (ಅಡ್ಡ ನೂಲಿನ) ದಿಕ್ಕಿಗಿಂತ ಹಾಸಿನ ದಿಕ್ಕಿನಲ್ಲಿ ಜಾಸ್ತಿ ಕುಗ್ಗುತ್ತದೆ. ಮೊದಲೇ ಕುಗ್ಗಿಸದ ಬಟ್ಟೆಯಾದರೆ ನೂರಕ್ಕೆ ಐದರಷ್ಟು ಕುಗ್ಗುವುದು ಏನೂ ಹೊಸದಲ್ಲ. ಅಂಗಡಿಯವರು ಪಕ್ಕದ ಪಟ್ಟಿಯನ್ನು ಥಾನಿನ ಉದ್ದಕ್ಕೇ ಕತ್ತರಿಸಿದ್ದರು. 78 ಇಂಚಿನ ಪಟ್ಟಿ 74ಕ್ಕೆ ಬಂತು. ಮೊದಲು ಮೂರು ಇಂಚು ದೊಡ್ಡದಿತ್ತು, ಈಗ ಒಂದು ಇಂಚು ಚಿಕ್ಕದು! ಪಾಲಿಕಾಟನ್ ಮಾತ್ರ ಕುಗ್ಗಲಿಲ್ಲ. ಎರಡೂ ಒಂದೇ ಹೊಲಿಗೆಯಲ್ಲಿ ಸೇರಿದ್ದರಿಂದ ಹೊಲಿಗೆಯ ಉದ್ದಕ್ಕೂ ಬಟ್ಟೆ ಹಪ್ಪಳದ ಹಾಗೆ ಸೊಟ್ಟಗಾಯಿತು. ಇಸ್ತ್ರಿ ಎಷ್ಟು ಒತ್ತಿದರೂ ಸರಿಹೋಗಲಿಲ್ಲ. ಹೋಗುವುದೂ ಇಲ್ಲ.

ಒಗೆದದ್ದು ನಿಮ್ಮ ತಪ್ಪು, ಡ್ರೈ ಕ್ಲೀನ್ ಮಾಡಿಸಬೇಕಿತ್ತು ಅಂದರು ಅಂಗಡಿಯವರು. ಈ ಮಾತು ಒಪ್ಪಬೇಡಿ. ನೆಲಕ್ಕೆ ತಾಗಿಕೊಂಡೇ ನೇತಾಡುವ ಬಟ್ಟೆ ಅದು. ದಿನಾ ನೆಲ ಒರೆಸುವ ಮನೆಯಲ್ಲಿ ಫಿನಾಯಿಲ್ ನೀರು ತಾಗುತ್ತದೆ, ಕಸ ಹಿಡಿಯುತ್ತದೆ. ಮಳೆಗಾಲದಲ್ಲಿ ಒದ್ದೆಯಾಗೇ ಇದ್ದರೆ ಬೂಷ್ಟು ಬರುತ್ತದೆ. ಮನೆಯಲ್ಲಿ ಒಗೆಯಲಾಗದ ಬಟ್ಟೆಯನ್ನು ಆ ಜಾಗಕ್ಕೆ ಹೊಲಿದುಕೊಡುವುದೇ ತಪ್ಪು. ಡ್ರೈ ಕ್ಲೀನ್ ಅಂತ ಬಿಲ್‌ನಲ್ಲೂ ಬರೆದಿರಲಿಲ್ಲ, ಬಾಯಿಮಾತಲ್ಲೂ ಹೇಳಿರಲಿಲ್ಲ.

ಬಿಲ್‌ನಲ್ಲಿ 7 ಮೀಟರ್ ಬಟ್ಟೆಯ ಲೆಕ್ಕ ಹಾಕಿದ್ದರು. ಅದು ಎಷ್ಟು ಜಾಸ್ತಿ ಅಂತ ತಿಳಿದದ್ದು ನಮ್ಮ ಬೀದಿಯ ಟೈಲರಮ್ಮ ಬಂದ ಮೇಲೆ. ರವಿಕೆ, ಫಾಲ್, ಪಿಕೋ ಅವರ ದಿನದ ಕೆಲಸ. ಬೆಡ್ ಸ್ಕರ್ಟ್ ಅವರಿಗೆ ಹೊಸದೇ. ಆದರೂ ಬಂದವರು ಮೊದಲು ಹೇಳಿದ್ದು, "ಅಕ್ಕಾ, ಹಾಸಿಗೆ ಎತ್ತಿ. ಹಲಗೆ ನೋಡಬೇಕು." ಅಂಗಡಿಯವರಿಗೆ ಹೊಳೆಯದ ಮಾತು ಇದು.

ಅವರು ಅಳತೆ ತೆಗೆದ ರೀತಿ ಬರೆಯುತ್ತೇನೆ. ನೀವು ಯಾರ ಹತ್ತಿರ ಹೊಲಿಸಿದರೂ ಹೀಗೇ ತೆಗೆಯಲು ಹೇಳಿ. ಹಾಸಿಗೆಯ ಮೇಲಿಂದ ಟೇಪ್ ಹಿಡಿಯುವುದೇ ಬೇಡ. ಹಾಸಿಗೆ ಇವತ್ತು ಆರು ಇಂಚು ದಪ್ಪ ಇರುತ್ತದೆ, ನಾಳೆ ಬದಲಾಯಿಸಿದರೆ ಎಂಟು. ಸ್ಕರ್ಟ್ ಕೂರುವುದು ಹಲಗೆಯ ಮೇಲೆ. ಹಳೇ ಮಂಚದಲ್ಲಿ ಹಲಗೆ ಪಕ್ಕದ ಮರದ ಪಟ್ಟಿಗಿಂತ ಸ್ವಲ್ಪ ತಗ್ಗಾಗಿ ಕೂತಿರುತ್ತದೆ. ಬಟ್ಟೆ ಆ ಪಟ್ಟಿ ಹತ್ತಿ ಇಳಿಯಬೇಕು. ಹಾಗಾಗಿ ಎತ್ತರವನ್ನು ಪಟ್ಟಿಯ ಮೇಲ್ಭಾಗದಿಂದ ನೆಲದವರೆಗೆ ಅಳೆಯಬೇಕು. ಅದೂ ಪ್ರತಿ ಮೂಲೆಯಲ್ಲಿ, ಮತ್ತೆ ನಡುವೆ ಒಂದು ಸಲ. ನಮ್ಮ ನೆಲವೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಅರ್ಧ ಇಂಚು ಏರಿದೆ ಅಂತ ಆಗಲೇ ಗೊತ್ತಾಯಿತು. ಅತ್ತೆ ಇಳಿಯುವ ಕಡೆಯೇ ಎತ್ತರ ಕಡಿಮೆ! ಅಲ್ಲಿ ಹದಿನೇಳೂವರೆ ಇಂಚು, ಉಳಿದ ಕಡೆ 18. ಟೈಲರಮ್ಮ ಆ ಪಕ್ಕದ ಬಟ್ಟೆಯ ಪಟ್ಟಿಯನ್ನೇ ಬೇರೆ ಅಳತೆಗೆ ಹೊಲಿದರು. ಎಲ್ಲ ಕಡೆ ನೆಲದಿಂದ ಒಂದು ಇಂಚು ಮೇಲೆ ನಿಲ್ಲಿಸಿದರು. ಆ ಒಂದು ಇಂಚು ಕಣ್ಣಿಗೆ ಬೀಳುವುದೇ ಇಲ್ಲ. ಒರೆಸುವ ಬಟ್ಟೆ ಮಾತ್ರ ಸಲೀಸಾಗಿ ಓಡಾಡುತ್ತದೆ.

ಒಂದೇ ಸುತ್ತಿನ ಬದಲು ಮೂರು ಬೇರೆ ಬೇರೆ ಪಟ್ಟಿ ಮಾಡಿದರು. ಎರಡು ಪಕ್ಕಕ್ಕೆ, ಒಂದು ಕಾಲಿನ ಕಡೆಗೆ. ತಲೆಯ ಕಡೆ ಗೋಡೆ ಇದೆ, ಅಲ್ಲಿ ಬಟ್ಟೆ ಹಾಕುವುದು ದಂಡ. ಪಟ್ಟಿಗಳು ಸೇರುವ ಎರಡು ಮೂಲೆಯಲ್ಲಿ ಗೂಟಕ್ಕೆ ಜಾಗ ಬಿಟ್ಟು, ಸೀಳಿನ ಹಿಂದೆ ಒಂದೊಂದು ಅಡಿ ಅಗಲದ ಒಳಪಟ್ಟಿ ಇಳಿಬಿಟ್ಟರು. ಹೊರಗಿನಿಂದ ನೋಡಿದರೆ ನೆರಿಗೆ ಹಿಡಿದ ಹಾಗೇ ಕಾಣುತ್ತದೆ, ಸೀಳು ಬಾಯಿ ಬಿಡುವುದಿಲ್ಲ. ಮಂಚದ ಕೆಳಗೆ ಡ್ರಾಯರ್ ಇರುವವರೂ ಡ್ರಾಯರ್ ತೆರೆಯುವ ಕಡೆ ಇದೇ ರೀತಿ ಸೀಳು ಮಾಡಿಸಿಕೊಳ್ಳಬಹುದು.

ಬಟ್ಟೆಯ ಲೆಕ್ಕ ನೋಡಿ. 17 ಇಂಚು ಇಳಿಯಬೇಕು, ಕೆಳಗೆ ಮಡಚಲು ಎರಡು ಇಂಚು, ಮೇಲೆ ಹೊಲಿಗೆಗೆ ಒಂದು. ಒಟ್ಟು 20. 44 ಇಂಚು ಅಗಲದ ಬಟ್ಟೆಯಲ್ಲಿ ಅಂಥ ಎರಡು ಪಟ್ಟಿ ಅಕ್ಕಪಕ್ಕ ಬರುತ್ತವೆ. ಎರಡು ಪಕ್ಕಕ್ಕೆ 77 ಇಂಚು ಉದ್ದದ ಬಟ್ಟೆ. ಕಾಲಿನ ಕಡೆಗೆ 62 ಇಂಚು, ಅದರ ಪಕ್ಕದಲ್ಲಿ ಉಳಿಯುವ ತುಂಡಿನಲ್ಲೇ ಎರಡೂ ಒಳಪಟ್ಟಿ ಆಗುತ್ತದೆ. ಕೂಡಿದರೆ 139 ಇಂಚು, ಮೂರೂವರೆ ಮೀಟರ್ ಚಿಲ್ಲರೆ. ಕುಗ್ಗುವುದಕ್ಕೂ ಸೇರಿಸಿದರೆ 4 ಮೀಟರ್ ಸಾಕು. ಸುತ್ತಲೂ ನೆರಿಗೆ ಹಿಡಿದ ಫ್ರಿಲ್ ಬೇಕು ಅನ್ನುವವರಿಗೆ ಪಟ್ಟಿಯ ಉದ್ದ ಎರಡರಷ್ಟು ಬೇಕು, ಆಗ ಆರು ಮೀಟರ್ ದಾಟಬಹುದು. ನಮ್ಮದು ಸಪಾಟು ಪಟ್ಟಿ. ಅದಕ್ಕೆ 7 ಮೀಟರ್ ಯಾಕೆ? ಕೇಳಿದರೆ ಅಂಗಡಿಯವರ ಹತ್ತಿರ ಉತ್ತರ ಇರಲಿಲ್ಲ, ಉಳಿದ ತುಂಡೂ ಇರಲಿಲ್ಲ. ಗೆರೆ ಅಥವಾ ಒಂದೇ ದಿಕ್ಕಿಗೆ ನಿಂತ ಹೂವಿನ ಬಟ್ಟೆಯಾದರೆ ಉದ್ದಕ್ಕೆ ಕತ್ತರಿಸಲು ಬರುವುದಿಲ್ಲ, ಹೂವು ಮಲಗಿಬಿಡುತ್ತದೆ. ಅಡ್ಡಕ್ಕೆ ಕತ್ತರಿಸಿ ಜೋಡಿಸಬೇಕು. ಜೋಡಣೆಯನ್ನು ನೆರಿಗೆಯೊಳಗೆ ಮುಚ್ಚಲು ಹೇಳಿ.

ಪರದೆ ಹೊಲಿಯುವಂಥ ಕೇಸ್‌ಮೆಂಟ್ ಕಾಟನ್ ತಂದೆವು. ಕತ್ತರಿಸುವ ಮೊದಲೇ ರಾತ್ರಿಯಿಡೀ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿದೆವು. ಎಷ್ಟು ಕುಗ್ಗಬೇಕೋ ಅಷ್ಟು ಅಲ್ಲೇ ಕುಗ್ಗಲಿ. ಗಾಢ ಬಣ್ಣ ತರುವವರು ಅಂಗಡಿಯಲ್ಲೇ ಒದ್ದೆ ಬಿಳಿ ಕರ್ಚೀಫಿನಿಂದ ಮೂಲೆಯೊಂದನ್ನು ಗಟ್ಟಿಯಾಗಿ ಉಜ್ಜಿ ನೋಡಿ. ಕರ್ಚೀಫಿಗೆ ಬಣ್ಣ ಹತ್ತಿದರೆ ಆ ಬಟ್ಟೆ ಬೇಡ. ಹಲಗೆಯ ಮೇಲೆ ಹಾಸಲು ಒಂದು ಹಳೇ ಕಾಟನ್ ಬೆಡ್‌ಶೀಟ್ ಕೊಟ್ಟೆವು. ಎಷ್ಟೋ ಸಲ ಒಗೆದದ್ದು, ಇನ್ನು ಕುಗ್ಗುವ ಪ್ರಶ್ನೆಯೇ ಇಲ್ಲ. ಅದರ ನಾಲ್ಕು ಮೂಲೆಯಲ್ಲಿ ಗೂಟಕ್ಕೆ ಚೌಕ ಕತ್ತರಿಸಿ, ಅಂಚು ಮಡಚಿ ಹೊಲಿದು, ಲಾಡಿ ಇಟ್ಟರು. ಲಾಡಿಯನ್ನು ಹಲಗೆಯ ಕೆಳಗೆ ಮಂಚದ ಕಾಲಿಗೆ ಕಟ್ಟಿದ್ದೇವೆ. ಅಂಟು ಇಲ್ಲ, ಮೊಳೆ ಇಲ್ಲ. ಅತ್ತೆ ಎಷ್ಟು ಸಲ ಎದ್ದು ಕೂತರೂ ಅಲುಗುವುದಿಲ್ಲ.

ಹಣದ ವಿಷಯಕ್ಕೆ ಬರುತ್ತೇನೆ. ಬಿಲ್‌ನ ಕೆಳಗೆ "ಹೊಲಿದ ವಸ್ತು ವಾಪಸ್ ತೆಗೆದುಕೊಳ್ಳುವುದಿಲ್ಲ" ಅಂತ ಅಚ್ಚು ಹಾಕಿರುತ್ತಾರೆ. ಅದನ್ನು ನೋಡಿ ಎಷ್ಟೋ ಜನ ಸುಮ್ಮನಾಗುತ್ತಾರೆ. ಸುಮ್ಮನಾಗಬೇಡಿ. 2019ರ ಗ್ರಾಹಕರ ರಕ್ಷಣಾ ಕಾಯ್ದೆಯ ಪ್ರಕಾರ, ದೋಷ ಇರುವ ವಸ್ತುವನ್ನು ವಾಪಸ್ ತೆಗೆದುಕೊಂಡು ಹಣ ಕೊಡಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್‌ನಲ್ಲಿ ಬೇರೆ ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ ಹಣ ಹಿಂದಿರುಗಿಸಬೇಕು. ಬಿಲ್ ಕೊಡದೆ ಇರುವುದೂ ಅದೇ ಪಟ್ಟಿಯಲ್ಲಿದೆ. ಮೊದಲು 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ನೀವು ಕೊಟ್ಟ ಹಣ ₹5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು.

ನಮಗೆ ಕೆಲಸಕ್ಕೆ ಬಂದಿದ್ದು ವಾಟ್ಸಾಪ್. 75 ಇಂಚು ಅಂತ ಬರೆದು ಕಳಿಸಿದ ಮೆಸೇಜು, ಅವರು ಹಾಕಿದ "ಓಕೆ ಮೇಡಂ", 78 ಇಂಚಿನ ಸ್ಕರ್ಟ್ ಪಕ್ಕ ಟೇಪ್ ಹಿಡಿದು ತೆಗೆದ ಫೋಟೋ. ಆ ಫೋಟೋವನ್ನು ಒಗೆಯುವ ಮೊದಲೇ ತೆಗೆದಿಟ್ಟುಕೊಳ್ಳಿ. ಒಗೆದ ಮೇಲೆ ಅಂಗಡಿಯವರು ಎಲ್ಲವನ್ನೂ ನೀರಿನ ಮೇಲೆ ಹಾಕುತ್ತಾರೆ. ಸಹಾಯವಾಣಿಯಲ್ಲಿ ದೂರು ದಾಖಲಾದ ಮೇಲೆ ಹೊಲಿಗೆಯ ಕೂಲಿ ವಾಪಸ್ ಬಂತು. ಬಟ್ಟೆಯ ಹಣ ಇನ್ನೂ ಬಂದಿಲ್ಲ, ಪಾಲಿಶ್ ಹಾಳಾದದ್ದಕ್ಕೆ ಅವರು ಮಾತೇ ಆಡುತ್ತಿಲ್ಲ. ಆಯೋಗಕ್ಕೆ ದೂರು ಬರೆಯುತ್ತಿದ್ದೇವೆ. ಹೀಗೇ ಮೋಸ ಹೋದವರು ಇದ್ದರೆ ಬಿಲ್ ಮತ್ತು ಅಳತೆಯ ಮೆಸೇಜು ಅಳಿಸದೆ ಇಟ್ಟುಕೊಳ್ಳಿ. ಈಗ ಆರ್ಡರ್ ಕೊಡಲು ಹೊರಟವರು ಮನೆಗೆ ಬಂದು ಹಾಸಿಗೆ ಎತ್ತಿ ಅಳತೆ ತೆಗೆಯುವವರೆಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಬಟ್ಟೆಯ ಮೀಟರ್ ಎಷ್ಟು, ಮೊದಲೇ ಕುಗ್ಗಿಸಿದ್ದಾರಾ ಇಲ್ಲವಾ, ಮನೆಯಲ್ಲಿ ಒಗೆಯಬಹುದಾ ಅನ್ನುವುದನ್ನು ಬಿಲ್‌ನಲ್ಲೇ ಬರೆಸಿ. ಅರ್ಧ ಹಣವನ್ನು ಮಂಚಕ್ಕೆ ಹಾಕಿ ತೋರಿಸಿದ ಮೇಲೆ ಕೊಡಿ.