ಟ್ಯೂಬಿನಲ್ಲಿ ಬರುವ ಜರ್ಮನ್ ಮಯೋನೈಸ್: ವರ್ಷಗಟ್ಟಲೆ ಬಳಸಿದ ಮೇಲೆ

ಜರ್ಮನಿಯ ಸೂಪರ್‌ಮಾರ್ಕೆಟ್ಟಿನಲ್ಲಿ ಮಯೋನೈಸ್ ಸಿಗುವುದಿಲ್ಲ ಎಂದು ಯಾರೂ ದೂರುವಂತಿಲ್ಲ. ಸಾಸಿವೆ, ಕೆಚಪ್ಪುಗಳ ಪಕ್ಕದಲ್ಲಿ ಆಳೆತ್ತರದ ಕಪಾಟಿನ ತುಂಬ ಬಿಳಿ ಬಾಟಲಿಗಳು, ಗಾಜಿನ ಜಾಡಿಗಳು, ಟ್ಯೂಬುಗಳು. ಅವುಗಳಲ್ಲಿ ನಿಜವಾದ ಮಯೋನೈಸ್ ಯಾವುದು ಎಂಬುದೇ ತೊಡಕು. ಸ್ಟುಟ್‌ಗಾರ್ಟಿಗೆ ಹೊಸದಾಗಿ ಬಂದ ಕನ್ನಡದ ಕುಟುಂಬಕ್ಕೆ ಸೋನಾ ಮಸೂರಿ ಎಲ್ಲಿ ಸಿಗುತ್ತದೆ, ಕರಿಬೇವು ಯಾವ ದಿನ ಬರುತ್ತದೆ ಎಂದು ಹೇಳಿಕೊಡಲು ಹತ್ತು ಜನ ಇರುತ್ತಾರೆ. ಮಕ್ಕಳ ಡಬ್ಬಿಯ ಸ್ಯಾಂಡ್‌ವಿಚ್ಚಿಗೆ ಏನು ಸವರಬೇಕು ಎಂದು ಹೇಳುವವರು ಯಾರೂ ಇಲ್ಲ. ನಮ್ಮ ಮನೆಯಲ್ಲಿ ವರ್ಷಗಳಿಂದ ಬಳಕೆಯಲ್ಲಿರುವುದು ಅಲ್ಯೂಮಿನಿಯಂ ಟ್ಯೂಬಿನಲ್ಲಿ ಬರುವ ‘ಡೆಲಿಕಟೆಸ್ ಮಯೋನೈಸ್’. ನಾನು ಹೇಳಹೊರಟಿರುವುದು ಮುಖ್ಯವಾಗಿ ಅದರ ಬಗ್ಗೆ. ಜೊತೆಗೆ, ಮೊಟ್ಟೆ ತಿನ್ನದವರು ಮನೆಗೆ ಬಂದಾಗ ಅದರ ಜಾಗದಲ್ಲಿ ಏನು ಬರುತ್ತದೆ ಎಂಬುದರ ಬಗ್ಗೆ.

ಇಲ್ಲಿ ಬ್ರ್ಯಾಂಡಿಗಿಂತ ಮೊದಲು ನೋಡಬೇಕಾದದ್ದು ಕೊಬ್ಬಿನ ಪ್ರಮಾಣ. ಡೆಲಿಕಟೆಸ್ ಎಂದು ಬರೆದಿರುವ ಟ್ಯೂಬು, ಜಾಡಿಗಳ ಮೇಲೆ ಸಾಮಾನ್ಯವಾಗಿ ಶೇಕಡಾ 80 ಎಂದು ಅಚ್ಚಾಗಿರುತ್ತದೆ. ಪಕ್ಕದಲ್ಲೇ, ನೋಡಲು ಅಣ್ಣತಮ್ಮಂದಿರಂತೆ ಕಾಣುವ ‘ಸಲಾಟ್ ಮಯೋನೈಸ್’ ಇರುತ್ತದೆ. ಅದರಲ್ಲಿ ಕೊಬ್ಬು ಶೇಕಡಾ 50ರ ಆಸುಪಾಸು. ಕಡಿಮೆಯಾದ ಎಣ್ಣೆಯ ಜಾಗವನ್ನು ತುಂಬುವುದು ನೀರು. ಆ ನೀರನ್ನು ಹಿಡಿದಿಡಲು ಪಿಷ್ಟ ಮತ್ತು ಅಂಟುಗಳು, ರುಚಿ ಪೇಲವವಾಗದಂತೆ ಸಕ್ಕರೆ. ಅದಕ್ಕೂ ಕೆಳಗೆ, ಮಯೋನೈಸ್ ಎಂಬ ಹೆಸರೇ ಇಲ್ಲದ ಸಿಹಿ ಸಲಾಡ್ ಕ್ರೀಮುಗಳಿವೆ. ಊರಿನಲ್ಲಿ ಮೊಟ್ಟೆಯಿಲ್ಲದ, ತುಸು ಸಿಹಿಯಾದ ಮಯೋನೈಸ್ ತಿಂದು ಬಂದ ನಾಲಿಗೆಗೆ ಇವು ಪರಿಚಿತವೆನಿಸುತ್ತವೆ. ಹಾಗಾಗಿ ಹೊಸಬರು ಮೊದಲು ಕೈಹಾಕುವುದು ಇವಕ್ಕೇ.

ಐರೋಪ್ಯ ತಯಾರಕರ ಒಕ್ಕೂಟದ ಅಳತೆಯ ಪ್ರಕಾರ ಬರೀ ‘ಮಯೋನೈಸ್’ ಎನಿಸಿಕೊಳ್ಳಲು ಕನಿಷ್ಠ ಶೇಕಡಾ 70 ಕೊಬ್ಬು, ಶೇಕಡಾ 5 ಮೊಟ್ಟೆಯ ಹಳದಿ ಬೇಕು. ಅಮೆರಿಕದ ನಿಯಮ ಶೇಕಡಾ 65 ಎಣ್ಣೆಗೆ ತೃಪ್ತವಾಗುತ್ತದೆ. ಬೆಲ್ಜಿಯಂನವರು ಮಾತ್ರ ಈ ವಿಷಯದಲ್ಲಿ ಬಹಳ ಕಾಲ ಕಟ್ಟುನಿಟ್ಟಾಗಿದ್ದರು: 1955ರ ಅವರ ಆದೇಶದ ಪ್ರಕಾರ ಶೇಕಡಾ 80 ಕೊಬ್ಬು, ಶೇಕಡಾ 7.5 ಹಳದಿ ಬೇಕಿತ್ತು. 2015ರಲ್ಲಿ ಅಲ್ಲಿನ ತಯಾರಕರು ನೆರೆದೇಶಗಳ ಅಗ್ಗದ ಸರಕಿನೊಂದಿಗೆ ಸ್ಪರ್ಧಿಸಲಾಗುತ್ತಿಲ್ಲ, ಅಳತೆ ಸಡಿಲಿಸಿ ಎಂದು ಕೇಳಿದಾಗ ಅದು ದೊಡ್ಡ ಸುದ್ದಿಯಾಯಿತು. ಆಲೂಗಡ್ಡೆ ಫ್ರೈಯನ್ನು ದೇಶದ ಮಾನದಂತೆ ಕಾಯುವ ಜನರ ಮಟ್ಟಿಗೆ ಇದು ಸಣ್ಣ ವಿಷಯವಲ್ಲ.

ಇನ್ನು ಟ್ಯೂಬಿನ ವಿಚಾರ. ಮಯೋನೈಸ್ ಟೂತ್‌ಪೇಸ್ಟಿನ ವೇಷದಲ್ಲಿ ಬರುವುದನ್ನು ಕಂಡು ನಮ್ಮವರು ನಗುತ್ತಾರೆ. ನಗಲಿ. ಅಡುಗೆಮನೆಯಲ್ಲಿ ಇದಕ್ಕಿಂತ ಬುದ್ಧಿವಂತ ಪ್ಯಾಕಿಂಗ್ ನಾನು ಕಂಡಿಲ್ಲ. ಪ್ಲಾಸ್ಟಿಕ್ ಬಾಟಲಿಯನ್ನು ಹಿಸುಕಿ ಬಿಟ್ಟರೆ ಅದು ಮತ್ತೆ ಉಬ್ಬಿ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಅಲ್ಯೂಮಿನಿಯಂ ಟ್ಯೂಬು ಹಿಸುಕಿದಲ್ಲೇ ಮಡಿಸಿಕೊಂಡು ಸುಮ್ಮನಿರುತ್ತದೆ. ಒಳಗೆ ಗಾಳಿ ಹೋಗುವುದಿಲ್ಲ, ಬೆಳಕು ಬೀಳುವುದಿಲ್ಲ, ಎಂಜಲು ಚಮಚವಂತೂ ತಾಗುವುದೇ ಇಲ್ಲ. ಮುಕ್ಕಾಲು ಪಾಲು ಎಣ್ಣೆಯೇ ಆಗಿರುವ ಪದಾರ್ಥಕ್ಕೆ ಗಾಳಿ ಮತ್ತು ಬೆಳಕೇ ಶತ್ರುಗಳು; ಕಮಟು ವಾಸನೆ ಹುಟ್ಟುವುದೇ ಅವುಗಳಿಂದ. ತೆರೆದ ಜಾಡಿಯ ಅಂಚಿನಲ್ಲಿ ಕೆಲವು ದಿನಗಳಲ್ಲೇ ಕಟ್ಟುವ ಹಳದಿ ಬಣ್ಣದ, ಅರೆಪಾರದರ್ಶಕ ಕೆನೆಯಂಥ ಪದರ ಟ್ಯೂಬಿನಲ್ಲಿ ನನಗೆ ಕಾಣಿಸಿಲ್ಲ.

ಒಳಗಿನದರ ಗುಣವನ್ನು ಅಳೆಯಲು ನನ್ನದೊಂದು ಪರೀಕ್ಷೆಯಿದೆ. ತಣ್ಣಗಿನ ತಟ್ಟೆಯ ಮೇಲೆ ಬೆರಳುದ್ದ ಹಿಂಡಿ ಕಾಲು ಗಂಟೆ ಬಿಡುತ್ತೇನೆ. ಒಳ್ಳೆಯ ಮಯೋನೈಸ್ ಹಿಂಡಿದಾಗ ಮೂಡಿದ ಗೆರೆಗಳನ್ನು ಹಾಗೆಯೇ ಉಳಿಸಿಕೊಳ್ಳುತ್ತದೆ, ಮೇಲ್ಮೈಗೆ ರೇಷ್ಮೆಯ ಹೊಳಪಿರುತ್ತದೆ, ಬಣ್ಣ ಅಚ್ಚ ಬಿಳಿಯಾಗಿರದೆ ಹಳೆಯ ದಂತದಂತಿರುತ್ತದೆ. ನೀರು ಹೆಚ್ಚಿದ್ದು ಅಂಚಿನಲ್ಲಿ ಜಾರಿ ಹರಡುತ್ತದೆ. ಪಿಷ್ಟ ಹೆಚ್ಚಿದ್ದು ಜೆಲ್ಲಿಯಂತೆ ಅಲುಗಿ, ನಾಲಿಗೆಯ ಮೇಲೆ ಕರಗುವ ಬದಲು ಅಂಟುತ್ತದೆ. ನಾವು ತರುವ ಥೋಮಿ ಬ್ರ್ಯಾಂಡಿನ ಟ್ಯೂಬು ಈ ಪರೀಕ್ಷೆಯಲ್ಲಿ ಪ್ರತಿ ಸಲವೂ ತೇರ್ಗಡೆಯಾಗಿದೆ. ಬಾಯಿಗಿಟ್ಟಾಗ ಮೊದಲು ವಿನೆಗರಿನ ಚುರುಕು, ಹಿಂದೆಯೇ ಮೊಟ್ಟೆಯ ದುಂಡಗಿನ ರುಚಿ, ಕೊನೆಯಲ್ಲಿ ಮೂಗಿಗೆ ಸ್ವಲ್ಪವೇ ಸ್ವಲ್ಪ ಸಾಸಿವೆ. ಸಕ್ಕರೆ ಇದ್ದರೂ ಮುಂದೆ ಬಂದು ಮಾತನಾಡುವುದಿಲ್ಲ. ಡಿಸ್ಕೌಂಟ್ ಅಂಗಡಿಗಳ ಸ್ವಂತ ಲೇಬಲ್ಲಿನ ಡೆಲಿಕಟೆಸ್ ಕೂಡ ಕೆಟ್ಟದ್ದಲ್ಲ. ಬೆಲೆ ನೋಡಿದರೆ, ಹುಟ್ಟುಹಬ್ಬಕ್ಕೆ ಒಂದು ಬಟ್ಟಲು ತುಂಬ ಡಿಪ್ ಮಾಡಬೇಕಾದಾಗ ಅದನ್ನೇ ತರುತ್ತೇವೆ.

ಟ್ಯೂಬುಗಳ ಕೊರತೆಗಳನ್ನೂ ಹೇಳಬೇಕು. ಯಾವ ಕಂಪನಿಯದಾದರೂ ಸರಿ, ಕೊನೆಯ ಎರಡು ಚಮಚದಷ್ಟು ಟ್ಯೂಬಿನ ಕತ್ತಿನ ಕೆಳಗೆ, ಭುಜದ ಮೂಲೆಯಲ್ಲೇ ಉಳಿಯುತ್ತದೆ. ಕೆಳಗಿನಿಂದ ಸುತ್ತುತ್ತ ಬರುವ ಶಿಸ್ತು ಮನೆಯಲ್ಲಿ ಎಲ್ಲರಿಗೂ ಇದ್ದರೆ ಪರವಾಗಿಲ್ಲ. ನಡುವೆಯೇ ಹಿಸುಕುವ ಮಗನಿದ್ದರೆ ಮಡಿಕೆಯಲ್ಲಿ ಲೋಹ ಸೀಳಿ, ಫ್ರಿಜ್ಜಿನ ಬಾಗಿಲಿಗೆ ಮಯೋನೈಸ್ ಮೆತ್ತಿಕೊಳ್ಳುತ್ತದೆ. 200 ಮಿಲಿಲೀಟರಿನ ಟ್ಯೂಬು ನಾಲ್ಕು ಜನರ ಮನೆಗೆ ಬೇಗ ಮುಗಿಯುತ್ತದೆ; ಅದೇ ದುಡ್ಡಿಗೆ ಜಾಡಿಯಲ್ಲಿ ಹೆಚ್ಚು ಸಿಗುತ್ತದೆ.

ಎಣ್ಣೆ ಯಾವುದು ಎಂಬುದನ್ನೂ ಓದಿ. ಹೆಚ್ಚಿನವು ಸೂರ್ಯಕಾಂತಿ ಎಣ್ಣೆ ಅಥವಾ ರಾಪ್ಸ್ ಎಣ್ಣೆಯವು. ರಾಪ್ಸ್ ಎಂದರೆ ಸಾಸಿವೆಯ ದಾಯಾದಿ ಗಿಡ, ವಸಂತದಲ್ಲಿ ಇಲ್ಲಿನ ಹೊಲಗಳನ್ನು ಹಳದಿ ಮಾಡುವುದು ಅದೇ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಇಲ್ಲಿ ಸೂರ್ಯಕಾಂತಿ ಎಣ್ಣೆಗೆ ಬರ ಬಂದು, ಒಬ್ಬರಿಗೆ ಇಷ್ಟೇ ಬಾಟಲಿ ಎಂದು ಅಂಗಡಿಗಳು ಚೀಟಿ ಅಂಟಿಸಿದ್ದವು. ಸಂಸ್ಕರಿಸಿದ ಎಣ್ಣೆಯಾದರೆ ಎರಡರ ರುಚಿಯಲ್ಲೂ ದೊಡ್ಡ ಅಂತರವಿಲ್ಲ. ಆದರೆ ಮುಂದೆ ‘ಆಲಿವ್ ಎಣ್ಣೆಯೊಂದಿಗೆ’ ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದರೆ ಹಿಂದಿನ ಪಟ್ಟಿಯನ್ನು ನೋಡಿಯೇ ದುಡ್ಡು ಕೊಡಿ. ಆಲಿವ್ ಎಷ್ಟು ಶೇಕಡಾ ಎಂದು ಅಲ್ಲೇ ಬರೆದಿರುತ್ತದೆ, ಮತ್ತು ಅದು ಬಹಳ ಸಲ ಒಗ್ಗರಣೆಯಷ್ಟೇ ಇರುತ್ತದೆ.

ಈಗ ನಮ್ಮ ಮನೆಗಳ ಮುಖ್ಯ ಪ್ರಶ್ನೆ. ಅಮ್ಮ ಬೇಸಿಗೆಗೆ ಬಂದಾಗ ಟ್ಯೂಬನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, “ಹಸಿರು ಚುಕ್ಕೆ ಎಲ್ಲಿದೆಯಪ್ಪಾ?” ಎಂದು ಕೇಳಿದರು. ಭಾರತದಲ್ಲಿ ಪ್ರತಿ ಸಸ್ಯಾಹಾರಿ ಪೊಟ್ಟಣದ ಮೇಲೂ ಇರುವ ಆ ಚುಕ್ಕೆ ಇಲ್ಲಿಲ್ಲ. ಅದರ ಬದಲು ಕೆಲವು ಪದಾರ್ಥಗಳ ಮೇಲೆ ಹಳದಿ ಹಿನ್ನೆಲೆಯ ‘ವಿ’ ಗುರುತು ಕಾಣುತ್ತದೆ, ಮತ್ತು ನಮ್ಮವರು ಬೇಸ್ತು ಬೀಳುವುದೇ ಇಲ್ಲಿ. ಇಲ್ಲಿನ ಲೆಕ್ಕದಲ್ಲಿ ಮೊಟ್ಟೆ ಸಸ್ಯಾಹಾರ. ಆದ್ದರಿಂದ ಶುದ್ಧ ಮೊಟ್ಟೆಯ ಮಯೋನೈಸ್ ಮೇಲೂ ‘ವೆಗೆಟಾರಿಶ್’ ಎಂದು ಬರೆಯಬಹುದು, ಅದು ಸುಳ್ಳೂ ಅಲ್ಲ. ಮೊಟ್ಟೆ ತಿನ್ನದವರು ನೋಡಬೇಕಾದದ್ದು ‘ವೆಗಾನ್’ (ಮೊಟ್ಟೆ, ಹಾಲು ಯಾವುದೂ ಇಲ್ಲದ್ದು) ಎಂಬ ಬರಹವನ್ನು. ಅದೂ ಕಾಣದಿದ್ದರೆ ಪದಾರ್ಥಗಳ ಪಟ್ಟಿ ನೋಡಿ. ಐರೋಪ್ಯ ಒಕ್ಕೂಟದ ನಿಯಮದಂತೆ ಅಲರ್ಜಿ ತರಬಲ್ಲ ಪದಾರ್ಥಗಳನ್ನು ಎದ್ದು ಕಾಣುವಂತೆ ಅಚ್ಚು ಹಾಕಲೇಬೇಕು. ಮೊಟ್ಟೆ, ಹಾಲು, ಸಾಸಿವೆ, ಸೋಯಾ ಎಲ್ಲವೂ ಸಾಮಾನ್ಯವಾಗಿ ದಪ್ಪಕ್ಷರದಲ್ಲಿ ಸಿಗುತ್ತವೆ. ಜರ್ಮನ್ ಬಾರದವರೂ ಹತ್ತು ಸೆಕೆಂಡಿನಲ್ಲಿ ಪತ್ತೆ ಹಚ್ಚಬಹುದು.

ವೆಗಾನ್ ಮಯೋನೈಸುಗಳ ಗುಣಮಟ್ಟ ಈ ಕೆಲವು ವರ್ಷಗಳಲ್ಲಿ ಬಹಳ ಸುಧಾರಿಸಿದೆ. ಮೊದಮೊದಲು ಸಿಕ್ಕ ಒಂದು ಬಾಟಲಿಯಲ್ಲಿದ್ದದ್ದು ಗೋಡೆಗೆ ಪೋಸ್ಟರ್ ಅಂಟಿಸುವ ಮೈದಾ ಗಂಜಿಗೆ ವಿನೆಗರ್ ಹಾಕಿದಂತಿತ್ತು, ಹೆಸರು ಬೇಡ. ಈಗಿನವು ಬಟಾಣಿ ಅಥವಾ ಬೇಳೆಕಾಳುಗಳ ಪ್ರೋಟೀನಿನ ಬಲದಿಂದ ಎಣ್ಣೆಯನ್ನು ಚೆನ್ನಾಗಿಯೇ ಹಿಡಿದಿಡುತ್ತವೆ. ಸ್ಯಾಂಡ್‌ವಿಚ್ಚಿನಲ್ಲಿ ಸೌತೆಕಾಯಿ, ಟೊಮೆಟೊ ಜೊತೆ ತಿಂದರೆ ವ್ಯತ್ಯಾಸ ಹೇಳುವುದು ಕಷ್ಟ. ಬರಿದಾಗಿ ನೆಕ್ಕಿದರೆ ಮೊಟ್ಟೆಯ ಆ ದುಂಡಗಿನ ರುಚಿ ಇಲ್ಲದಿರುವುದು ಗೊತ್ತಾಗುತ್ತದೆ. ಊರಿನ ಎಗ್‌ಲೆಸ್ ಬಾಟಲಿಯೇ ಬೇಕೆಂದು ಸೂಟ್‌ಕೇಸಿನಲ್ಲಿ ಹೊತ್ತು ತರುವ ಯೋಚನೆ ಬೇಡ: ಅವುಗಳಲ್ಲಿ ಹಲವಕ್ಕೆ ಹಾಲಿನ ಪುಡಿ ಸೇರಿರುತ್ತದೆ, ಭಾರತದಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥಗಳನ್ನು ಐರೋಪ್ಯ ಒಕ್ಕೂಟದೊಳಗೆ ತರುವಂತಿಲ್ಲ.

ಅಮ್ಮನಿಗಾಗಿ ನಾವು ಮನೆಯಲ್ಲೇ ಮಾಡುವುದು ಹಾಲಿನ ಮಯೋನೈಸ್. ಪೋರ್ಚುಗಲ್, ಬ್ರೆಜಿಲ್ ಕಡೆ ಇದು ರೂಢಿಯಲ್ಲಿದೆ. ಉದ್ದನೆಯ ಕಿರಿದಾದ ಪಾತ್ರೆಗೆ 100 ಮಿಲಿಲೀಟರ್ ತಣ್ಣನೆಯ ಗಟ್ಟಿ ಹಾಲು, ಅರ್ಧ ಚಮಚ ಉಪ್ಪು, ಬೇಕಿದ್ದರೆ ಒಂದು ಎಸಳು ಬೆಳ್ಳುಳ್ಳಿ. ಅದರ ಮೇಲೆ 200 ಮಿಲಿಲೀಟರ್ ಸೂರ್ಯಕಾಂತಿ ಎಣ್ಣೆ. ಕೈ ಬ್ಲೆಂಡರನ್ನು ತಳಕ್ಕೆ ಒತ್ತಿ ಹಿಡಿದು ಓಡಿಸಿದರೆ ಕೆಳಗಿನಿಂದ ಬಿಳಿ ಮೋಡ ಏಳುತ್ತದೆ. ಆಗ ಮೆಲ್ಲನೆ ಮೇಲೆತ್ತಬೇಕು. ನಿಂಬೆರಸವನ್ನು ಕೊನೆಗೆ ಹಾಕಿ ಮತ್ತೊಮ್ಮೆ ತಿರುಗಿಸಿದರೆ ಇನ್ನಷ್ಟು ಗಟ್ಟಿಯಾಗುತ್ತದೆ. ಹಾಲಿನ ಬದಲು ಸಕ್ಕರೆಯಿಲ್ಲದ ಸೋಯಾ ಹಾಲೂ ಆಗುತ್ತದೆ. ಇದಕ್ಕೆ ಎರಡು ಚಮಚ ಶೇಂಗಾ ಚಟ್ನಿಪುಡಿ ಕಲಸಿ ಅಮ್ಮ ಚಪಾತಿಗೆ ಸವರಿಕೊಂಡು ತಿಂದರು. ಮರುದಿನ ಅವರೇ, “ಇವತ್ತೂ ಅದನ್ನು ಮಾಡುತ್ತೀಯಾ?” ಎಂದು ಕೇಳಿದರು.

ಮೊಟ್ಟೆಯ ಮಯೋನೈಸ್ ಮನೆಯಲ್ಲಿ ಮಾಡುವುದಾದರೆ ಹಸಿ ಮೊಟ್ಟೆಯ ಅಪಾಯ ನೆನಪಿರಲಿ. ಸಾಲ್ಮೊನೆಲ್ಲಾ ಎಂಬ ರೋಗಾಣುವಿನ ಭಯದಿಂದಲೇ ಕೇರಳ 2023ರಲ್ಲಿ, ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ಹಸಿ ಮೊಟ್ಟೆಯ ಮಯೋನೈಸನ್ನು ನಿಷೇಧಿಸಿದವು. ಆ ಸುದ್ದಿ ಬಂದಾಗಲೆಲ್ಲ ಊರಿನಿಂದ ಫೋನು: “ಮಕ್ಕಳಿಗೆ ಅದನ್ನು ಇನ್ನೂ ಕೊಡುತ್ತಿದ್ದೀರಾ?” ಕಾರ್ಖಾನೆಯ ಮಯೋನೈಸಿಗೆ ಬಳಸುವುದು ಪಾಶ್ಚರೀಕರಿಸಿದ ಮೊಟ್ಟೆ, ಜೊತೆಗೆ ವಿನೆಗರಿನ ಹುಳಿಯೂ ರೋಗಾಣುಗಳನ್ನು ತಡೆಯುತ್ತದೆ. ಮುಚ್ಚಿದ ಟ್ಯೂಬು ಅಂಗಡಿಯ ಕಪಾಟಿನಲ್ಲಿ ಫ್ರಿಜ್ಜಿಲ್ಲದೆ ಕೂರುವುದು ಅದಕ್ಕೇ. ಮನೆಯಲ್ಲಿ ಮಾಡಿದ್ದಕ್ಕೆ ಆ ರಕ್ಷಣೆಯಿಲ್ಲ. ತೀರಾ ತಾಜಾ ಮೊಟ್ಟೆ ಬಳಸಿ, ಫ್ರಿಜ್ಜಿನಲ್ಲಿಟ್ಟು, ಅಂದೇ ತಿಂದು ಮುಗಿಸಬೇಕು. ಮಕ್ಕಳು, ಬಸುರಿಯರು, ವಯಸ್ಸಾದವರು ಇರುವ ಮನೆಯಲ್ಲಿ ಆ ಸಾಹಸವೇ ಬೇಡ.

ಮಯೋನೈಸನ್ನು ಹಾಳು ಮಾಡುವ ಇನ್ನೊಂದು ದಾರಿ ಚಳಿ. ಡಿಸೆಂಬರಿನಲ್ಲಿ ಬಾಲ್ಕನಿಯನ್ನೇ ಎರಡನೆಯ ಫ್ರಿಜ್ ಮಾಡಿಕೊಳ್ಳುವುದು ಇಲ್ಲಿ ಬಹಳ ಮನೆಗಳ ಪದ್ಧತಿ. ದೋಸೆ ಹಿಟ್ಟು, ಸಾರಿನ ಪಾತ್ರೆ ಇಡಿ, ಮಯೋನೈಸ್ ಮಾತ್ರ ಬೇಡ. ಹೆಪ್ಪುಗಟ್ಟಿ ಕರಗಿದರೆ ಎಣ್ಣೆ ಬೇರೆ, ನೀರು ಬೇರೆಯಾಗಿ ಒಡೆದ ಹಾಲಿನಂತೆ ಹರಿಯುತ್ತದೆ. ಅಲುಗಾಡಿಸಿದರೆ ಸೇರುವುದಿಲ್ಲ.

ಸ್ಟುಟ್‌ಗಾರ್ಟಿನಲ್ಲಿದ್ದು ಮಯೋನೈಸ್ ಹೊಗಳುವುದು ಸ್ವಲ್ಪ ಧೈರ್ಯದ ಕೆಲಸ. ಉತ್ತರ ಜರ್ಮನಿಯವರು ಆಲೂಗಡ್ಡೆ ಸಲಾಡಿಗೆ ಮಯೋನೈಸ್ ಹಾಕುತ್ತಾರೆ. ಇಲ್ಲಿನ ಶ್ವಾಬಿಯನ್ನರು ಮಾಂಸ ಅಥವಾ ತರಕಾರಿ ಬೇಯಿಸಿ ಬಸಿದ ಬಿಸಿ ನೀರು, ವಿನೆಗರ್, ಎಣ್ಣೆ, ಈರುಳ್ಳಿ ಹಾಕಿ ಕಲಸುತ್ತಾರೆ. ಕಚೇರಿಯ ಊಟಕ್ಕೆ ಮಯೋನೈಸ್ ಹಾಕಿದ ಸಲಾಡ್ ಒಯ್ದ ದಿನ ಸಹೋದ್ಯೋಗಿಯೊಬ್ಬರು ಡಬ್ಬಿಯೊಳಗೆ ಇಣುಕಿ, ತಲೆಯಲ್ಲಾಡಿಸಿ, ಏನೂ ಹೇಳದೆ ಹೋದರು. ರುಚಿಯ ಪ್ರಶ್ನೆಯಲ್ಲಿ ನಾನು ಅವರ ಪಕ್ಷವೇ: ಆಲೂಗಡ್ಡೆ ಸಲಾಡಿಗೆ ಶ್ವಾಬಿಯನ್ ವಿಧಾನವೇ ಮೇಲು, ನಮ್ಮ ನಾಲಿಗೆಗೂ ಅದು ಹತ್ತಿರ. ಮಯೋನೈಸಿನ ಜಾಗ ಫ್ರೈಯ ಪಕ್ಕದಲ್ಲಿ. ಬೀದಿಯ ಅಂಗಡಿಯಲ್ಲಿ ‘ರೋಟ್ ವೈಸ್’ ಎಂದರೆ ಕೆಚಪ್ಪೂ ಮಯೋನೈಸೂ ಎರಡೂ ಬೀಳುತ್ತವೆ, ಕೆಲವು ಕಡೆ ಅದಕ್ಕೆ ಬೇರೆ ದುಡ್ಡು.

ಮನೆಯಲ್ಲಿ ನಮಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇನ್ನೊಂದು ಕಡೆ. ಬ್ರೆಡ್ಡಿನ ಹೊರಮೈಗೆ ಬೆಣ್ಣೆಯ ಬದಲು ತೆಳ್ಳಗೆ ಮಯೋನೈಸ್ ಸವರಿ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಇಟ್ಟರೆ, ಅಂಚಿನವರೆಗೂ ಒಂದೇ ಸಮನೆ ಹೊಂಬಣ್ಣ ಬರುತ್ತದೆ. ಫ್ರಿಜ್ಜಿನಿಂದ ತೆಗೆದ ಬೆಣ್ಣೆಯಂತೆ ಬ್ರೆಡ್ಡನ್ನು ಹರಿಯುವುದೂ ಇಲ್ಲ. ಒಳಗೆ ಹಿಂದಿನ ರಾತ್ರಿಯ ಆಲೂಗಡ್ಡೆ ಪಲ್ಯ, ಒಂದು ಚೂರು ಚೀಸ್. ಸಲಾಟ್ ಮಯೋನೈಸಿನಲ್ಲಿ ಇದು ಕೈಗೂಡುವುದಿಲ್ಲ. ನೀರು ಆರುವಷ್ಟರಲ್ಲಿ ಬ್ರೆಡ್ಡು ಮೆತ್ತಗಾಗಿರುತ್ತದೆ.

ಜಪಾನಿನ ಕ್ಯೂಪಿಯನ್ನು ಏಷ್ಯನ್ ಅಂಗಡಿಯಿಂದ ಆಗಾಗ ತರುತ್ತೇವೆ. 1925ರಿಂದ ಬರುತ್ತಿರುವ ಆ ಮಯೋನೈಸಿಗೆ ಇಡೀ ಮೊಟ್ಟೆ ಹಾಕದೆ ಹಳದಿಯನ್ನಷ್ಟೇ ಬಳಸುತ್ತಾರೆ. ಎಲೆಕೋಸಿನ ಪಲ್ಯದ ಮೇಲೂ ರುಚಿಯಾಗಿರುವಂಥ ವಸ್ತು, ಆದರೆ ಬೆಲೆ ಇಲ್ಲಿನ ಟ್ಯೂಬಿಗಿಂತ ಬಹಳ ಹೆಚ್ಚು, ದಿನಬಳಕೆಗೆ ಆಗದು.

ಐದರಲ್ಲಿ ಅಂಕ ಕೊಡುವುದಾದರೆ ಶೇಕಡಾ 80ರ ಡೆಲಿಕಟೆಸ್ ಟ್ಯೂಬಿಗೆ ನಾಲ್ಕೂವರೆ; ಅರ್ಧ ಅಂಕ ಕಡಿದದ್ದು ಟ್ಯೂಬಿನ ಭುಜದಲ್ಲಿ ಉಳಿಯುವ ಆ ಎರಡು ಚಮಚಕ್ಕಾಗಿ. ವೆಗಾನ್ ಬಾಟಲಿಗಳಿಗೆ ಸರಾಸರಿ ಮೂರೂವರೆ. ಹಾಲಿನ ಮಯೋನೈಸಿಗೆ ಅಂಕ ಕೊಡುವ ಅಧಿಕಾರ ಅಮ್ಮನದು. ಮುಂದಿನ ಬೇಸಿಗೆಗೆ ಬರುವಾಗ ಚಟ್ನಿಪುಡಿಯನ್ನು ಎರಡು ಕಿಲೋ ತರುವುದಾಗಿ ಈಗಾಗಲೇ ತಿಳಿಸಿದ್ದಾರೆ.