ಕರಿ ಕೋಟು, ಬೋರ್ ನೀರು ಮತ್ತು ಮೂರೂವರೆ ವರ್ಷದ ಸ್ಟೀಮರ್

ಮೊದಲೇ ತೀರ್ಪು ಹೇಳಿ ಆಮೇಲೆ ಕಾರಣ ಕೊಡುತ್ತೇನೆ. ನ್ಯಾಯಾಲಯದಲ್ಲಿ ಇದು ನಡೆಯದು, ಅಂಗಡಿಗೆ ಹೊರಟವರಿಗೆ ನಡೆಯುತ್ತದೆ. ವಾರದಲ್ಲಿ ನಾಲ್ಕೈದು ದಿನ ಕೋಟು ತೊಡುವವರಾದರೆ ಹಬೆ ಬಿಟ್ಟು ಬಟ್ಟೆಯ ಸುಕ್ಕು ಬಿಡಿಸುವ, ಕೈಯಲ್ಲಿ ಹಿಡಿಯುವ ಸ್ಟೀಮರ್ ಕೊಂಡುಕೊಳ್ಳಿ. ಬರೀ ಹತ್ತಿಯ ಅಂಗಿ ತೊಡುವವರಾದರೆ ಆ ದುಡ್ಡು ಓಣಿಯ ಇಸ್ತ್ರಿಯವರಿಗೇ ಸಲ್ಲಲಿ. ಯಂತ್ರ ಯಾವ ಕಂಪನಿಯದು ಎನ್ನುವುದಕ್ಕಿಂತ ಅದಕ್ಕೆ ಯಾವ ನೀರು ಹಾಕುತ್ತೀರಿ ಎನ್ನುವುದು ನಮ್ಮ ವಿಜಯಪುರದಲ್ಲಿ ಹೆಚ್ಚು ಮುಖ್ಯ. ಇಷ್ಟನ್ನು ಕಲಿಯುವುದರಲ್ಲಿ ನನಗೆ ಒಂದು ಕೋಟು ಮತ್ತು ಯಂತ್ರದ ಅರ್ಧ ಆಯುಷ್ಯ ಖರ್ಚಾಯಿತು.

ಸ್ಟೀಮರ್ ಬರುವ ಮುಂಚೆ ನನ್ನ ಕರಿ ಕೋಟು ನಮ್ಮ ಓಣಿಯ ತಿರುವಿನಲ್ಲಿ ಇದ್ದಿಲ ಪೆಟ್ಟಿಗೆ ಇಟ್ಟುಕೊಂಡು ಕೂಡುವ ಇಸ್ತ್ರಿಯವರ ಬಳಿ ಹೋಗುತ್ತಿತ್ತು. ಅಂಗಿಯ ಮಟ್ಟಿಗೆ ಅವರ ಕೈಯನ್ನು ಮೀರಿಸುವವರಿಲ್ಲ. ಆದರೆ ಕೋಟಿನ ಮೇಲೆ ಕಾದ ಕಬ್ಬಿಣ ನೇರವಾಗಿ ಓಡಿದರೆ ಪಾಲಿಯೆಸ್ಟರ್ ಬೆರೆತ ಬಟ್ಟೆಯ ಎಳೆಗಳು ಮೆತ್ತಗಾಗಿ ಚಪ್ಪಟೆಯಾಗುತ್ತವೆ. ಚಪ್ಪಟೆಯಾದ ಎಳೆ ಬೆಳಕಿಗೆ ಹೊಳೆಯುತ್ತದೆ. ಎರಡು ವರ್ಷದಲ್ಲಿ ನನ್ನ ಕೋಟಿನ ಮೊಣಕೈ, ಬೆನ್ನು ಎಲ್ಲ ಎಣ್ಣೆ ಸವರಿದಂತೆ ಮಿನುಗತೊಡಗಿದವು. "ಕೋಟಿಗೂ ಪಾಲಿಶ್ ಹಾಕಿಸುತ್ತೀರಾ?" ಎಂದು ಹಿರಿಯ ವಕೀಲರೊಬ್ಬರು ಕೇಳಿಯೇಬಿಟ್ಟರು. ಒದ್ದೆ ಬಟ್ಟೆ ಹಾಸಿ ಅದರ ಮೇಲೆ ಪೆಟ್ಟಿಗೆ ಓಡಿಸಿ ಎಂದು ಇಸ್ತ್ರಿಯವರಿಗೆ ಹೇಳಿದ್ದೆ. ದಸರೆಯ ಮುಂಚಿನ ಬಟ್ಟೆಯ ರಾಶಿಯ ನಡುವೆ ಅದನ್ನು ನೆನಪಿಡುವ ವ್ಯವಧಾನ ಅವರಿಗೆಲ್ಲಿ?

ಬಚ್ಚಲಲ್ಲಿ ಬಿಸಿನೀರು ಬಿಟ್ಟು ಕೋಟನ್ನು ತೂಗುಹಾಕಿದರೆ ಸುಕ್ಕು ತಾನೇ ಇಳಿಯುತ್ತದೆ ಎಂದು ಹೇಳುವವರಿದ್ದಾರೆ. ಅದು ಷವರ್ ಧಾರಾಳವಾಗಿ ಸುರಿಯುವ ಮನೆಯ ಮಾತು. ಒಂದು ಬಕೆಟ್ಟಿನಲ್ಲಿ ಮುಗಿಯುವ ನಮ್ಮ ಸ್ನಾನದ ಹಬೆಗೆ ಕನ್ನಡಿಯೂ ಮಸುಕಾಗುವುದಿಲ್ಲ.

ಹಾಗಾಗಿ ಸ್ಟೀಮರ್ ಬಂತು. 1500 ವಾಟ್, ಕಾಲು ಲೀಟರ್ ನೀರು ಹಿಡಿಯುವ ಟ್ಯಾಂಕು, ಎರಡು ಸಾವಿರದ ಚಿಲ್ಲರೆ ರೂಪಾಯಿ. ಒಂದು ನಿಮಿಷದೊಳಗೆ ಹಬೆ ಬರುತ್ತದೆ. ಒಂದು ಟ್ಯಾಂಕು ನೀರು ಸುಮಾರು ಹತ್ತು ನಿಮಿಷ ಬಾಳುತ್ತದೆ, ಒಂದು ಕೋಟಿಗೆ ಅಷ್ಟು ಸಾಕು.

ಕೋಟಿನ ವಿಷಯದಲ್ಲಿ ಇದನ್ನು ಮನಸಾರೆ ಹೊಗಳುತ್ತೇನೆ. ಉಣ್ಣೆಯ ಎಳೆ ಹಬೆಯನ್ನು ಹೀರಿಕೊಂಡು ಸಡಿಲವಾಗುತ್ತದೆ, ತಣ್ಣಗಾಗಿ ಒಣಗುವಾಗ ಹೇಗೆ ನಿಂತಿದೆಯೋ ಹಾಗೆಯೇ ನಿಲ್ಲುತ್ತದೆ. ಪಾಲಿಯೆಸ್ಟರ್ ಕೂಡ 70–80 ಡಿಗ್ರಿಯ ಆಸುಪಾಸಿನಲ್ಲೇ ಬಾಗಲು ಒಪ್ಪುತ್ತದೆ. ಹಬೆಗೆ ಇಬ್ಬರೂ ಮಣಿಯುತ್ತಾರೆ, ಉಜ್ಜುವ ಅಗತ್ಯವೇ ಇಲ್ಲ. ಅಗಲ ಭುಜದ ಮರದ ಹ್ಯಾಂಗರಿಗೆ ಕೋಟು ಹಾಕಿ, ಜೇಬು ಖಾಲಿ ಮಾಡಿ, ಒಂದು ಕೈಯಿಂದ ಅಂಚನ್ನು ಮೆಲ್ಲಗೆ ಕೆಳಕ್ಕೆ ಜಗ್ಗಿ ಹಿಡಿದು ಮೇಲಿಂದ ಕೆಳಗೆ ಹಬೆ ಆಡಿಸುತ್ತೇನೆ. ಕುಳಿತು ಕುಳಿತು ಮುದುಡಿದ ಬೆನ್ನಿನ ಕೆಳಭಾಗ ಎರಡು ನಿಮಿಷದಲ್ಲಿ ಸರಿಹೋಗುತ್ತದೆ. ಮೊಣಕೈಗೆ ತೋಳಿನೊಳಗೆ ಸುತ್ತಿದ ಟವೆಲ್ ತೂರಿಸಬೇಕು. ಕಾಲರಿನಿಂದ ಎದೆಗೆ ಇಳಿಯುವ ಮಡಿಕೆಗೆ ಹಬೆ ತೋರಿಸಿ ಬೆರಳಲ್ಲೇ ಹೊರಳಿಸಿ ಬಿಡಬೇಕು, ಅದನ್ನು ಚಪ್ಪಟೆ ಒತ್ತಿದರೆ ಕೋಟಿನ ಗತ್ತೇ ಹೋಗುತ್ತದೆ. ಎಲ್ಲ ಮುಗಿದ ಮೇಲೆ ಕಾಲು ಗಂಟೆ ತೊಡಬಾರದು. ಬಸ್ಸಿನ ಅವಸರದಲ್ಲಿ ಬೆಚ್ಚಗಿರುವಾಗಲೇ ತೊಟ್ಟು ಹೊರಟ ದಿನ ಸಿಂದಗಿ ದಾಟುವಷ್ಟರಲ್ಲಿ ಮೊದಲಿಗಿಂತ ಗಟ್ಟಿಯಾದ ಸುಕ್ಕು ಬಿದ್ದಿತ್ತು. ನಮ್ಮ ಜಿಲ್ಲೆ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಸೇರಿದ್ದರಿಂದ ಆ ದಾರಿಯ ಆಸನಗಳಿಗೂ ನನ್ನ ಬೆನ್ನಿಗೂ ಹಳೆಯ ಪರಿಚಯ.

ಒಂದು ಕೋಟು ಖರ್ಚಾಯಿತು ಎಂದೆನಲ್ಲ, ಅದರ ಕತೆ ಇಷ್ಟೇ. ಅಗ್ಗದ ಕೋಟುಗಳ ಎದೆಯ ಭಾಗಕ್ಕೆ ಒಳಗಿನಿಂದ ಅಂಟು ಸವರಿದ ಬಟ್ಟೆಯನ್ನು ಬಿಸಿಯಲ್ಲಿ ಒತ್ತಿ ಕೂಡಿಸಿರುತ್ತಾರೆ. ನಾನು ಹೊಸ ಹುರುಪಿನಲ್ಲಿ ಅದೇ ಜಾಗಕ್ಕೆ ಸ್ಟೀಮರಿನ ಮೂತಿ ತಾಗಿಸಿ ನಿಮಿಷಗಟ್ಟಲೆ ಹಬೆ ಬಿಟ್ಟೆ. ಅಂಟು ಬಿಟ್ಟಿತು. ಎಡ ಎದೆಯ ಮೇಲೆ ಹಂಚಿನ ಮೇಲಿನ ಚಪಾತಿಯಂತೆ ಗುಳ್ಳೆಗಳು ಎದ್ದವು. ಟೇಲರ್ ನೋಡಿ, "ಇದಕ್ಕೆ ಮದ್ದಿಲ್ಲ ವಕೀಲರೇ, ಹೊಸದು ಹೊಲಿಸಿ" ಎಂದರು. ಅವರಿಗೆ ಲಾಭವಿತ್ತು ನಿಜ, ಆದರೆ ಮಾತು ಸುಳ್ಳಲ್ಲ. ಈಗ ಎದೆಯ ಭಾಗಕ್ಕೆ ಎರಡು ಬೆರಳು ದೂರದಿಂದ, ಒಂದೇ ಸುತ್ತು.

ಇನ್ನು ನೀರು. ನಮ್ಮ ಮನೆಗೆ ಎರಡು ಬಗೆಯ ನೀರು. ಒಂದು ಕೊಲ್ಹಾರದ ಕಡೆಯಿಂದ ಬರುವ ಕೃಷ್ಣೆಯ ನೀರು, ನಲ್ಲಿಗೆ ಬಂದ ದಿನ ಹಬ್ಬ. ಇನ್ನೊಂದು ಬೋರ್ ನೀರು, ಬಕೆಟ್ಟಿನ ಒಳಗೋಡೆಗೆ ಬಿಳಿ ಉಂಗುರ ಕಟ್ಟುವಂಥದ್ದು. ಮೊದಲ ನಾಲ್ಕು ತಿಂಗಳು ಏನೂ ಯೋಚಿಸದೆ ಬೋರ್ ನೀರನ್ನೇ ಹಾಕಿದೆ. ನೀರು ಹಬೆಯಾಗಿ ಹೋಗುತ್ತದೆ, ಅದರಲ್ಲಿ ಕರಗಿದ್ದ ಸುಣ್ಣ ಹೋಗುವುದಿಲ್ಲ. ಕಾಯುವ ತಟ್ಟೆಯ ಮೇಲೆ ಅದು ಪದರಗಟ್ಟುತ್ತದೆ, ತಟ್ಟೆಯ ಬಿಸಿ ನೀರಿಗೆ ಸರಿಯಾಗಿ ತಲುಪುವುದಿಲ್ಲ, ಆಗ ಯಂತ್ರ ಹಬೆಯ ಬದಲು ಅರೆಬೆಂದ ನೀರನ್ನು ಉಗುಳತೊಡಗುತ್ತದೆ. ಒಂದು ಸೋಮವಾರ ಹಾಗೆ ಉಗುಳಿದ್ದನ್ನು ಒಣಗಿದರೆ ಸರಿಹೋಗುತ್ತದೆ ಎಂದು ಬಿಟ್ಟೆ. ಕಕ್ಷಿದಾರರ ಎದುರಿಗೇ ನಮ್ಮ ಗುಮಾಸ್ತರು, "ಸಾಹೇಬರೇ, ಕೋಟಿನ ಮೇಲೆ ಸುಣ್ಣ ಸಿಡಿದಿದೆ, ಮನೆಗೆ ಬಣ್ಣ ಬಳಿಸುತ್ತಿದ್ದೀರಾ?" ಎಂದರು. ಅವರು ತಮಾಷೆಗೆ ಅಂದದ್ದು ರಸಾಯನಶಾಸ್ತ್ರದ ಪ್ರಕಾರವೂ ಸರಿಯಾಗಿತ್ತು.

ಎರಡನೆಯ ಪೆಟ್ಟು ಬೇಸಿಗೆಯಲ್ಲಿ. ಬಾರ್ ಕೌನ್ಸಿಲ್ ನಿಯಮದಂತೆ ಸುಪ್ರೀಂ ಕೋರ್ಟ್, ಹೈಕೋರ್ಟ್ ಬಿಟ್ಟು ಉಳಿದ ನ್ಯಾಯಾಲಯಗಳಲ್ಲಿ ಬೇಸಿಗೆಗೆ ಕರಿ ಕೋಟು ಕಡ್ಡಾಯವಲ್ಲ. ನಲವತ್ತು ಡಿಗ್ರಿ ದಾಟುವ ಈ ಊರಲ್ಲಿ ಅದಕ್ಕಿಂತ ಮಾನವೀಯ ನಿಯಮ ನಾನು ಓದಿಲ್ಲ. ಕೋಟು ಕಪಾಟು ಸೇರಿತು, ಸ್ಟೀಮರ್ ನೀರಿನ ಸಮೇತ ಮೂಲೆ ಸೇರಿತು. ಜೂನ್‌ನಲ್ಲಿ ತೆಗೆದರೆ ಟ್ಯಾಂಕಿನ ತಳ ಒಣಗಿದ ಕೆರೆಯಂತಿತ್ತು, ಮೂತಿಯ ಆರು ತೂತುಗಳಲ್ಲಿ ಎರಡು ಪೂರ್ತಿ ಮುಚ್ಚಿದ್ದವು.

ಇಂಡಿ ಲಿಂಬೆಯ ಜಿಲ್ಲೆಯವನಾದ್ದರಿಂದ ಮೊದಲು ಲಿಂಬೆ ರಸವನ್ನೇ ಹಾಕಿದೆ. ಹುಳಿ ಸುಣ್ಣವನ್ನು ಕರಗಿಸುವುದು ನಿಜ, ಆದರೆ ಎಷ್ಟು ಸೋಸಿದರೂ ಉಳಿದ ತಿರುಳಿನ ಚೂರು ಮೂರನೆಯ ತೂತನ್ನೂ ಮುಚ್ಚಿತು. ಆಮೇಲೆ ಕಿರಾಣಿ ಅಂಗಡಿಯಿಂದ ಸಿಟ್ರಿಕ್ ಆಮ್ಲದ ಪುಡಿ ತಂದೆ. ಅರ್ಧ ಲೀಟರ್ ನೀರಿಗೆ ಎರಡು ಚಮಚ ಕದಡಿ, ಟ್ಯಾಂಕಿಗೆ ತುಂಬಿ, ಬಚ್ಚಲ ಮೂಲೆಗೆ ಮುಖ ಮಾಡಿ ಸ್ವಲ್ಪ ಹಬೆ ಬಿಟ್ಟು, ಆರಿಸಿ ಅರ್ಧ ಗಂಟೆ ಇಟ್ಟೆ. ಮತ್ತೆ ಹಚ್ಚಿದಾಗ ಬಿಳಿ ಚೂರುಗಳು ಉದುರಿಬಿದ್ದವು. ಶುದ್ಧ ನೀರಿನಿಂದ ಮೂರು ಸಲ ತೊಳೆಯದೆ ಕೋಟಿನ ಹತ್ತಿರ ಒಯ್ಯಬೇಡಿ. ಎಲ್ಲ ಕಂಪನಿಯವರೂ ಇದಕ್ಕೆ ಒಪ್ಪುವುದಿಲ್ಲ, ಜೊತೆಗೆ ಬಂದ ಪುಸ್ತಿಕೆಯನ್ನು ಒಮ್ಮೆ ನೋಡಿಕೊಳ್ಳಿ. ಅಂದಿನಿಂದ ಹಾಕುವುದು ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನ್ ನೀರು. ಅದು ಮುಗಿದ ದಿನ ಇನ್ವರ್ಟರ್ ಬ್ಯಾಟರಿಗೆ ತಂದಿಟ್ಟ ನೀರು. ಕೆಲಸ ಮುಗಿದ ಕೂಡಲೇ ಟ್ಯಾಂಕು ಖಾಲಿ. ಎರಡು ವರ್ಷದಿಂದ ಒಂದು ಬಿಳಿ ಚುಕ್ಕೆಯೂ ಬಿದ್ದಿಲ್ಲ.

ಬಿಳಿ ಅಂಗಿಗೆ ಮಾತ್ರ ಇದು ಏನೇನೂ ಪ್ರಯೋಜನವಿಲ್ಲ. ಇಸ್ತ್ರಿ ಪೆಟ್ಟಿಗೆಯ ಮೇಲಿನ ಮೂರು ಚುಕ್ಕೆಯ ಗುರುತು ಎಂದರೆ ಸುಮಾರು 200 ಡಿಗ್ರಿ, ಹತ್ತಿಗೆ ಬೇಕಾದದ್ದು ಅದು, ಜೊತೆಗೆ ಮೇಲಿನಿಂದ ಭಾರ. ಹಬೆ 100 ಡಿಗ್ರಿಯದು, ಭಾರ ಸೊನ್ನೆ. ಅಂಗಿಯ ಮೈ ಹೇಗೋ ಸುಮಾರಾಗಿ ನೆಟ್ಟಗಾಗುತ್ತದೆ, ಕಾಲರ್, ತೋಳಿನ ಪಟ್ಟಿ, ಗುಂಡಿಯ ಸಾಲು ಮಲಗಿ ಎದ್ದವರ ಮುಖದಂತೆ ಕಾಣುತ್ತವೆ. ವಕೀಲರ ಕೊರಳಿನ ಬಿಳಿ ಬ್ಯಾಂಡ್ ಕಟ್ಟುವುದೇ ಆ ಕಾಲರಿನ ಮೇಲೆ, ಎಲ್ಲರ ಕಣ್ಣು ಹೋಗುವುದೂ ಅಲ್ಲಿಗೇ. ಅಂಗಿಗಳು ಈಗಲೂ ಇದ್ದಿಲ ಪೆಟ್ಟಿಗೆಯವರ ಬಳಿಯೇ ಹೋಗುತ್ತವೆ.

ಪ್ಯಾಂಟಿನದು ಅರ್ಧ ಗೆಲುವು. ಹೊಲಿಗೆಗೆ ಹೊಲಿಗೆ ಕೂಡಿಸಿ, ಕಾಲಿನ ತುದಿಗೆ ಕ್ಲಿಪ್ ಹಾಕಿ ತಲೆಕೆಳಗಾಗಿ ತೂಗುಹಾಕಿದರೆ ಸೊಂಟದ ಭಾರಕ್ಕೇ ಮಂಡಿಯ ಸುಕ್ಕು ಇಳಿಯುತ್ತದೆ. ಚೂಪಾದ ಗೆರೆ ಬರುವುದಿಲ್ಲ. ಅದಕ್ಕೆ ಅಪ್ಪನ ಉಪಾಯವೇ ಗತಿ: ಹಬೆ ತೋರಿಸಿದ ಪ್ಯಾಂಟನ್ನು ಗೆರೆ ಹಿಡಿದು ಮಡಚಿ ರಾತ್ರಿ ಗಾದಿಯ ಕೆಳಗೆ ಇಡುವುದು. ಅಪ್ಪನಿಗೆ ಸ್ಟೀಮರ್ ಇರಲಿಲ್ಲ, ನೀರು ಚಿಮುಕಿಸುತ್ತಿದ್ದರು, ಫಲ ಹೆಚ್ಚು ಕಡಿಮೆ ಒಂದೇ.

ಇಪ್ಪತ್ತು ನಿಮಿಷಕ್ಕೆ ಅರ್ಧ ಯೂನಿಟ್ ವಿದ್ಯುತ್ ಬೇಕು. ನಮ್ಮ ಮನೆಯ ಇನ್ವರ್ಟರ್ ಈ ಹೊರೆ ಹೊರುವುದಿಲ್ಲ, ಬೆಳಿಗ್ಗೆ ಕರೆಂಟ್ ಹೋದರೆ ಸುಕ್ಕಿನ ಕೋಟಿನಲ್ಲೇ ಹಾಜರಿ. ತಂತಿ ಗಿಡ್ಡ. ತುಂಬಿದ ಟ್ಯಾಂಕಿನೊಂದಿಗೆ ಹತ್ತು ನಿಮಿಷ ಕೈ ಎತ್ತಿ ಹಿಡಿದರೆ ಭುಜ ನೋಯುತ್ತದೆ. ಮುಚ್ಚಳದ ರಬ್ಬರು ಸಡಿಲವಾಗಿ ಓರೆ ಹಿಡಿದಾಗ ಹನಿ ಜಿನುಗುತ್ತದೆ. ಬಿಡಿಭಾಗ ಕೇಳಿದ್ದಕ್ಕೆ ಸೇವಾ ಕೇಂದ್ರದವರು ಹೊಸ ಮಾದರಿಯ ಚಿತ್ರ ಕಳಿಸಿದರು. ಐದಕ್ಕೆ ಮೂರೂವರೆ ಕೊಡುತ್ತೇನೆ, ಆ ಅರ್ಧ ಕತ್ತರಿಸಿದ್ದು ರಬ್ಬರಿಗಾಗಿ.

ಹೋದ ಮದುವೆಯ ಸುಗ್ಗಿಯಲ್ಲಿ ಇಸ್ತ್ರಿಯವರೇ ಮನೆಗೆ ಬಂದರು. ಮದುಮಗನ ಕೋಟೊಂದು ಬಂದಿದೆ, ಪೆಟ್ಟಿಗೆ ತಾಗಿಸಲು ಧೈರ್ಯ ಸಾಲದು, "ನಿಮ್ಮ ಹಬೆಯ ಪೆಟ್ಟಿಗೆ ಒಂದು ದಿನ ಕೊಡಿ ಸಾಹೇಬರೇ" ಎಂದರು. ಹೆಮ್ಮೆಯಿಂದ ಕೊಟ್ಟೆ, ಎದೆಯ ಭಾಗದ ಎಚ್ಚರಿಕೆಯನ್ನೂ ಹೇಳಿದೆ. ಕೋಟು ಚೆನ್ನಾಗಿ ಬಂದಿತಂತೆ. ಮರುದಿನ ಒರೆಸಿ, ತಂತಿ ಸುತ್ತಿ, ಉಪಕಾರಕ್ಕೆಂದು ಟ್ಯಾಂಕನ್ನೂ ತುಂಬಿಯೇ ತಂದುಕೊಟ್ಟರು. ತುಂಬಿದ್ದು ಬೋರ್ ನೀರು.